ನಾನು ಬರೆಯದೆ ಬಿಟ್ಟ ಮಳೆ

ದೆವ್ವ, ಶಕುನ, ಮಾಟ ಇಂಥ ಮಾತು ಬಂದರೆ ಕೂತಲ್ಲಿಂದ ಎದ್ದು ಹೋಗುವವರ ಪೈಕಿ ನಾನು. ಹುಡುಗನಾಗಿದ್ದಾಗಲೂ ಹಾಗೆಯೇ. ಹುಣಸೆಮರದ ಕೆಳಗೆ ಬಿಳಿ ಸೀರೆಯವಳನ್ನು ಕಂಡೆ ಎಂದು ಯಾರೋ ಹೇಳಿದಾಗ, ಸೀರೆ ಎಷ್ಟು ಮೊಳದ್ದಿತ್ತು ಎಂದು ಕೇಳಿ ಸೋದರಮಾವನಿಂದ ಬೈಸಿಕೊಂಡಿದ್ದೇನೆ. ಅಳತೆಗೆ ಸಿಗದ್ದನ್ನು ನಂಬಬಾರದು ಎಂಬುದು ನನ್ನ ಹಟ. ಮುಂದೆ ನನ್ನ ಪಾಲಿಗೆ ಬಂದದ್ದೂ ಅಳೆಯುವ ಕೆಲಸವೇ ಆದ್ದರಿಂದ ಆ ಹಟ ಇನ್ನಷ್ಟು ಬಲಿಯಿತು. ಈಗ ಹೇಳಹೊರಟಿರುವ ಸಂಗತಿಯಾದರೋ ಅಳತೆಗೆ ಸಿಕ್ಕಿತ್ತು. ನನ್ನ ಕೈಯಲ್ಲೇ, ಹಾಡಹಗಲಲ್ಲೇ, ಎರಡು ಸಲ ಸಿಕ್ಕಿತ್ತು. ಅದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ಆಗ ನಾನು ಕೊಲ್ಹಾಪುರದ ಕಡೆಯ ಗಡಹಿಂಗ್ಲಜದಲ್ಲಿ ಕಾರಕೂನನಾಗಿದ್ದೆ. ಅದರ ಜೊತೆಗೆ ಸರಕಾರದ ಹವಾಮಾನ ಖಾತೆಯ ಒಂದು ಸಣ್ಣ ಕೆಲಸವನ್ನೂ ನನಗೆ ಅಂಟಿಸಿದ್ದರು. ಊರಂಚಿಗೆ ಬೇಲಿ ಹಾಕಿದ ಒಂದು ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿಯಿತ್ತು. ಅರ್ಧ ನೆಲದಲ್ಲಿ ಹೂತ ಲೋಹದ ಡಬ್ಬಿ, ಅದರ ಬಾಯಿಗೆ ಐದು ಇಂಚು ಅಗಲದ ಆಲಿಕೆ, ಒಳಗೆ ಒಂದು ಗಾಜಿನ ಬಾಟಲಿ. ದಿನವೂ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹೋಗಿ ಬೀಗ ತೆಗೆಯಬೇಕು. ಬಾಟಲಿಯಲ್ಲಿ ಬಿದ್ದ ನೀರನ್ನು ಗೆರೆ ಕೊರೆದ ಅಳತೆಗಾಜಿಗೆ ಸುರಿದು ನೋಡಿ, ಎಷ್ಟಿದೆಯೋ ಅಷ್ಟನ್ನು ರಜಿಸ್ಟರಿನಲ್ಲಿ ಬರೆದು, ಪುಣೆಗೆ ತಾರು ಮಾಡಬೇಕು. ಹೆಚ್ಚು ಮಳೆ ಬಿದ್ದಿದ್ದರೆ ಅರ್ಜಂಟ್ ತಾರು.

ನೀರು ಅಳೆಯುವುದಕ್ಕೂ ಒಬ್ಬ ಮನುಷ್ಯ ಬೇಕೇ ಎಂದು ಊರವರು ನಗುತ್ತಿದ್ದರು. ಪುಣೆಯಲ್ಲಿ ನನ್ನಂಥವರ ತಾರುಗಳು ಊರೂರಿನಿಂದ ಬೆಳಿಗ್ಗೆಯೇ ಬಂದು ಬೀಳುತ್ತವೆ, ಅಲ್ಲಿಯವರು ಅವನ್ನೆಲ್ಲ ನಕಾಶೆಯ ಮೇಲೆ ಗುರುತು ಹಾಕಿ ಮಳೆ ಯಾವ ದಿಕ್ಕಿಗೆ ಸರಿಯುತ್ತಿದೆ ಎಂದು ನೋಡುತ್ತಾರೆ, ಮುಂದಿನ ಊರಿಗೆ, ರೈಲಿನವರಿಗೆ, ಸೇತುವೆ ಕಾಲುವೆಗಳ ಇಂಜಿನಿಯರರಿಗೆ ಎಚ್ಚರಿಕೆಯ ತಾರು ಹೋಗುತ್ತದೆ ಎಂದು ನಾನು ವಿವರಿಸಿದರೆ ಆಕಳಿಸುತ್ತಿದ್ದರು. ಕೊಲ್ಹಾಪುರದಲ್ಲಿ ನನಗೆ ಈ ಕೆಲಸ ಕಲಿಸಿದವರು ಒಂದೇ ಮಾತನ್ನು ಒತ್ತಿ ಹೇಳಿದ್ದರು: ಗಾಜಿನಲ್ಲಿ ಕಂಡದ್ದನ್ನು ಬರೆಯಬೇಕು, ಆಕಾಶ ನೋಡಿ ಬರೆಯಬಾರದು. ಈ ಕೆಲಸದವರು ಮಾಡುವ ತಪ್ಪೂ ಅದೇ. ಬಿಸಿಲು ಬಿದ್ದಿದ್ದರೆ ಡಬ್ಬಿಯ ಹತ್ತಿರ ಹೋಗದೆ ಮನೆಯಲ್ಲೇ ಕೂತು ಸೊನ್ನೆ ಹಾಕಿಬಿಡುವುದು. ನಾನು ಹಾಗೆ ಒಂದು ದಿನವೂ ಮಾಡಿರಲಿಲ್ಲ. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಜನ ನನ್ನನ್ನು ಮಳಿ ಮಾಸ್ತರ ಎಂದು ಕರೆಯುತ್ತಿದ್ದರು. ನಗುವವರು ನಗಲಿ, ರೈತರು ಮಾತ್ರ ಬಂದು ಕೇಳಿ ಹೋಗುತ್ತಿದ್ದರು. ನಾನು ಅಳೆಯುವುದು ಬಿದ್ದ ಮಳೆಯನ್ನು, ಬೀಳುವ ಮಳೆಯನ್ನಲ್ಲ ಎಂದರೆ ಅವರಿಗೆ ಸಮಾಧಾನವಿಲ್ಲ. ಹತ್ತಿರದ ನೂಲ ಎಂಬ ಹಳ್ಳಿಯ ನೇಮಣ್ಣ ಅವರಲ್ಲಿ ಒಬ್ಬ. ಜೈನರವನು, ಮೆಣಸಿನಕಾಯಿ ಬೆಳೆಯುತ್ತಿದ್ದ. ಅಕ್ಷರ ಬಾರದಿದ್ದರೂ ನನ್ನ ರಜಿಸ್ಟರಿನ ಮೇಲೆ ಅವನಿಗೆ ಬಹಳ ಗೌರವ. ದೀಪಾವಳಿಯ ಹೊತ್ತಿಗೆ ಮೊದಲ ಕೊಯ್ಲಿನ ಕಾಯಿಯನ್ನು ಹಿರಣ್ಯಕೇಶಿ ಹೊಳೆಯ ದಂಡೆಯ ಹಾಸುಬಂಡೆಯ ಮೇಲೆ ಒಣಗಲು ಹರಡುತ್ತಿದ್ದರು. ರಾತ್ರಿ ಕಾವಲಿಗೆ ಅವನ ತಂದೆ ಆದಪ್ಪಜ್ಜ. ಅವರ ಪದ್ಧತಿಯಂತೆ ಹೊತ್ತು ಮುಳುಗುವುದರೊಳಗೆ ಉಂಡು, ಕಂಬಳಿ ಹೆಗಲಿಗೆ ಹಾಕಿಕೊಂಡು ಮುದುಕ ಹೊಳೆಯ ಕಡೆ ನಡೆಯುತ್ತಿದ್ದ. ಕಿವಿ ಮಂದ, ಮಲಗಿದರೆ ಬಂಡೆಯಂಥ ನಿದ್ದೆ. ಹಾಗಾಗಿ ನನ್ನನ್ನು ಕೇಳದೆ ನೇಮಣ್ಣ ದಂಡೆಯ ಮೇಲೆ ಕಾಯಿ ಹರಡುತ್ತಿರಲಿಲ್ಲ.

ಆ ವರ್ಷ ದೀಪಾವಳಿ ಮುಗಿದು ನಾಲ್ಕೈದು ದಿನಗಳಾಗಿದ್ದವು. ಮೂರು ವಾರಗಳಿಂದ ಒಂದು ಹನಿಯಿಲ್ಲ. ಬೆಳಿಗ್ಗೆ ಎಂಟಕ್ಕೆ ಅಂಗಳಕ್ಕೆ ಹೋದಾಗ ಎಳೆಬಿಸಿಲು ಬಿದ್ದಿತ್ತು, ಆಕಾಶ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು. ನೆಲದ ಧೂಳಿನಲ್ಲಿ ಹಿಂದಿನ ದಿನದ ನನ್ನದೇ ಹೆಜ್ಜೆಗಳು ಹಾಗೇ ಉಳಿದಿದ್ದವು, ಬೇರೆ ಯಾರ ಹೆಜ್ಜೆಯೂ ಇರಲಿಲ್ಲ. ಬೀಗ ತೆಗೆದು ಬಾಟಲಿಗೆ ಕೈ ಹಾಕಿದೆ. ಕೈಗೆ ತಣ್ಣೀರು ತಾಗಿತು.

ಬಾಟಲಿ ಕಂಠದವರೆಗೆ ತುಂಬಿತ್ತು. ತುಂಬಿದ್ದಷ್ಟೇ ಅಲ್ಲ, ಉಕ್ಕಿ ಹೊರಗಿನ ಡಬ್ಬಿಯಲ್ಲೂ ನೀರು ನಿಂತಿತ್ತು. ಆ ಕ್ಷಣ ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಯಾವನೋ ಚೇಷ್ಟೆ ಮಾಡಿದ್ದಾನೆ ಎಂದುಕೊಂಡೆ. ಆದರೆ ಬೀಗದ ಕೈ ಇದ್ದದ್ದು ಒಂದೇ, ಅದು ಹಗಲೂ ರಾತ್ರಿ ನನ್ನ ಉಡದಾರದಲ್ಲಿರುತ್ತಿತ್ತು. ಆಲಿಕೆಯಿಂದ ಸುರಿದಿದ್ದರೆ ಧೂಳಿನಲ್ಲಿ ಹೆಜ್ಜೆ ಮೂಡಬೇಕಿತ್ತು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಆ ಕಡೆಯ ಬಾವಿಗಳ ನೀರೆಲ್ಲ ಸವಳು, ಹೊಳೆಯ ನೀರಿಗೆ ಮಣ್ಣಿನ ವಾಸನೆ. ಇದಕ್ಕೆ ಯಾವ ರುಚಿಯೂ ಇರಲಿಲ್ಲ. ನಾಲ್ಕು ತಿಂಗಳು ದಿನವೂ ಮಳೆನೀರು ಮುಟ್ಟುವವನಿಗೆ ಅದರ ಗುರುತು ತಪ್ಪುವುದಿಲ್ಲ.

ಅಳೆದೆ. ನಮ್ಮ ಗಾಜು ಅರ್ಧ ಇಂಚಿನದು, ಇಂಚಿನ ನೂರನೆಯ ಒಂದು ಪಾಲಿಗೆ ಒಂದು ಸೆಂಟು. ಎಂಟು ಸಲ ತುಂಬಿತು, ಒಂಬತ್ತನೆಯ ಸಲಕ್ಕೆ ಹದಿನೆಂಟು ಸೆಂಟಿನ ಗೆರೆಗೆ ನಿಂತಿತು. ನೀರನ್ನು ಚೆಲ್ಲದೆ ಬಕೆಟ್ಟಿನಲ್ಲಿ ಹಿಡಿದಿಟ್ಟು ಮತ್ತೊಮ್ಮೆ ಅಳೆದೆ. ಅಷ್ಟೇ ಬಂತು. ನಾಲ್ಕು ಇಂಚು ಹದಿನೆಂಟು ಸೆಂಟು. ಅಷ್ಟು ಮಳೆ ಒಂದು ರಾತ್ರಿಯಲ್ಲಿ ಬಿದ್ದಿದ್ದರೆ ಗಡಹಿಂಗ್ಲಜದಲ್ಲಿ ಯಾರೂ ಮಲಗುತ್ತಿರಲಿಲ್ಲ.

ನಿಯಮ ನನಗೆ ಗೊತ್ತಿತ್ತು. ಕಂಡದ್ದನ್ನು ಬರೆಯಬೇಕು. ನಿಯಮದ ಮನುಷ್ಯ ನಾನು, ಬಾಟಲಿ ಒರೆಸಿ ಬೀಗ ಹಾಕಿ, ಅರ್ಜಂಟಾದ್ದರಿಂದ ರಜಿಸ್ಟರಿಗಿಂತ ಮೊದಲೇ ತಾರಿನ ಕಾಗದ ತುಂಬಿಕೊಂಡು ತಾರಿನವನ ಹತ್ತಿರ ಹೋದೆ. ಅವನು ಮರಾಠಿಯವನು, ನನಗೆ ಬೇಕಾದವನೇ. ಅಂಕಿಗಳನ್ನು ನೋಡಿದ, ಕಿಟಕಿಯ ಹೊರಗಿನ ಬಿಸಿಲನ್ನು ನೋಡಿದ. "ಕಾಯ ಮಾಸ್ತರ, ಸ್ವಪ್ನಾತ ಪಾವೂಸ ಪಡಲಾ ಕಾ?" ಎಂದ. ಕನಸಿನಲ್ಲಿ ಮಳೆ ಬಿತ್ತೇನು ಎಂದು ಅವನು ಕೇಳಿದ್ದು ತಮಾಷೆಗೆ. ಅಲ್ಲಿ ನಿಂತಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ. ಅಂಕಿ ಬರೆಯುವಾಗ ಕೈತಪ್ಪಿದೆ ಎಂದು ಹೇಳಿ ಕಾಗದ ವಾಪಸು ತೆಗೆದುಕೊಂಡು ಹರಿದು ಹಾಕಿದೆ. ಪುಣೆಯ ಸಾಹೇಬರು ಬಂದು ವಿಚಾರಿಸುವುದು, ಊರೆಲ್ಲ ಆಡಿಕೊಳ್ಳುವುದು, ಮಳಿ ಮಾಸ್ತರನಿಗೆ ತಲೆ ಕೆಟ್ಟಿದೆ ಎನ್ನುವುದು, ಎಲ್ಲ ಕಣ್ಣೆದುರು ಬಂತು. ಬೇರೆ ಕಾಗದದಲ್ಲಿ ಸೊನ್ನೆಯ ತಾರು ಕೊಟ್ಟು, ವಾಪಸು ಬಂದು ರಜಿಸ್ಟರಿನಲ್ಲೂ ಸೊನ್ನೆ ಬರೆದೆ. ಅಷ್ಟು ವರ್ಷಗಳಲ್ಲಿ ನಾನು ಬರೆದ ಮೊದಲ ಸುಳ್ಳು ಅದು.

ಶಾಯಿ ಆರುವ ಮೊದಲೇ ನೇಮಣ್ಣ ಬಂದ. ಬಾಗಿಲಲ್ಲೇ ನಿಂತು, "ಮಾಸ್ತರ, ಇವತ್ತ ಹೊಳಿ ದಂಡಿ ಮ್ಯಾಲ ಕಾಯಿ ಹಾಸಬೇಕಂತ ಮಾಡೇವ್ರಿ. ಗಾಜಿನ್ಯಾಗ ಏನರ ಐತೇನ್ರಿ?" ಎಂದು ಕೇಳಿದ.

ಇದೆ ಎನ್ನಬಹುದಿತ್ತು. ಹಾಸಬೇಡ, ಕಾರಣ ಕೇಳಬೇಡ ಎಂದಿದ್ದರೂ ಅವನು ಕೇಳುತ್ತಿದ್ದ, ಅಷ್ಟು ನಂಬಿಕೆ ಅವನದು. ಆದರೆ ಈಗತಾನೆ ಬರೆದ ಸೊನ್ನೆ ಕಣ್ಣ ಮುಂದೆಯೇ ಇತ್ತು. "ಏನೂ ಇಲ್ಲ ನೇಮಣ್ಣ, ಹಾಸ್ರಿ" ಎಂದೆ.

ಮಧ್ಯಾಹ್ನದವರೆಗೂ ಬಿಸಿಲೇ ಇತ್ತು, ನನಗೂ ಧೈರ್ಯ ಬಂದಿತ್ತು. ಮೂರು ಗಂಟೆಯ ಮೇಲೆ ಗಾಳಿ ನಿಂತಿತು. ಮೂಡಣದಲ್ಲಿ ಮೋಡ ಎದ್ದದ್ದನ್ನು ನಾನು ನೋಡಿದ್ದು ದೀಪ ಹಚ್ಚುವ ಹೊತ್ತಿಗೆ. ಸ್ವಲ್ಪ ಹೊತ್ತಿಗೆ ಮೊದಲ ಹನಿಗಳು ಹಂಚಿನ ಮೇಲೆ ಬಿದ್ದವು. ಹೆಂಡತಿ ಏನು, ಎಲ್ಲಿಗೆ ಎಂದು ಕೇಳುತ್ತಿದ್ದಂತೆಯೇ ಕಂದೀಲು ಹಿಡಿದು ನೂಲದ ದಾರಿ ಹಿಡಿದೆ. ಅರ್ಧ ದಾರಿಗೆ ಹೋಗುವಷ್ಟರಲ್ಲಿ ಕಂದೀಲು ಆರಿತ್ತು. ದಾರಿಯಲ್ಲಿ ಒಂದು ಹಳ್ಳ, ಬೆಳಿಗ್ಗೆ ಮಕ್ಕಳು ಹಾರಿ ದಾಟುವಂಥದ್ದು. ಈಗ ಇಳಿದು ನೋಡಿದೆ, ನೀರು ಎದೆಗೆ ಬಂದು ನನ್ನನ್ನು ತಳ್ಳಿತು. ಎರಡು ಸಲ ಇಳಿದೆ, ಎರಡು ಸಲವೂ ದಂಡೆಯ ಬೇರು ಹಿಡಿದು ಮೇಲೆ ಬಂದೆ. ಆಚೆ ದಂಡೆಯ ಕಡೆ ಬಾಯಿ ಮಾಡಿ ಕೂಗಿದೆ. ನನ್ನ ಧ್ವನಿ ನನಗೇ ಕೇಳಲಿಲ್ಲ.

ಆ ರಾತ್ರಿಯ ನಿಜವಾದ ಭಯ ನೀರಿನದಲ್ಲ. ಹಳ್ಳದ ಪಕ್ಕದಲ್ಲಿ ನೆನೆಯುತ್ತ ನಿಂತವನಿಗೆ, ಎಷ್ಟು ಬೀಳುತ್ತದೆ ಎಂಬುದು ಗೊತ್ತಿತ್ತು. ಇನ್ನೂ ಮುಗಿದಿಲ್ಲ, ಇನ್ನೂ ಒಂದು ಗಾಜು, ಇನ್ನೂ ಒಂದು ಗಾಜು ಎಂದು ಮನಸ್ಸು ತಾನಾಗಿಯೇ ಎಣಿಸುತ್ತಿತ್ತು. ಬೇಡವೆಂದರೂ ನಿಲ್ಲುತ್ತಿರಲಿಲ್ಲ. ಒಂಬತ್ತನೆಯದು ಅರ್ಧವೂ ಆಗಿಲ್ಲ ಅನಿಸಿದಾಗ ಮಳೆ ಗಕ್ಕನೆ ನಿಂತಿತು. ಬೆಳಗಾಗಲು ಇನ್ನೂ ಹೊತ್ತಿತ್ತು, ಹಳ್ಳ ಇಳಿದಿರಲಿಲ್ಲ. ನಾನು ನಡುಗುತ್ತ ಊರಿಗೆ ತಿರುಗಿದೆ.

ಎಂಟಕ್ಕೆ ಅಂಗಳಕ್ಕೆ ಹೋದೆ. ಹೋಗಲೇಬೇಕಲ್ಲ. ಪಾದ ಮುಳುಗುವಷ್ಟು ನೀರು ನಿಂತಿತ್ತು. ಆಲಿಕೆಯ ಒಳಮೈಗೆ ಹನಿಗಳು ಅಂಟಿಕೊಂಡಿದ್ದವು. ಬೀಗ ತೆಗೆದೆ. ಬಾಟಲಿ ಒಣಗಿತ್ತು. ಹಿಂದಿನ ದಿನ ನಾನು ಒರೆಸಿಟ್ಟ ಹಾಗೆಯೇ ಇತ್ತು, ತಳದಲ್ಲಿ ಬಟ್ಟೆಯ ಒಂದು ನೂಲು ಕೂಡ ಅಂಟಿಕೊಂಡಿತ್ತು. ಹೊರಗಿನ ಡಬ್ಬಿಯಲ್ಲಿಯೂ ಒಂದು ಹನಿಯಿಲ್ಲ. ಆಲಿಕೆ ಕಟ್ಟಿಕೊಂಡಿದೆಯೇ ಎಂದು ಒಂದು ತಂಬಿಗೆ ನೀರು ಸುರಿದು ನೋಡಿದೆ. ಸರಾಗವಾಗಿ ಇಳಿದು ಬಾಟಲಿಗೆ ಬಿತ್ತು. ತೂತಿಲ್ಲ, ಸೋರಿಕೆಯಿಲ್ಲ. ಊರೆಲ್ಲ ತೋಯ್ದ ಮಳೆ ಆ ಒಂದು ಡಬ್ಬಿಗೆ ಬಿದ್ದಿರಲಿಲ್ಲ. ಅದರ ಪಾಲಿನದು ಹಿಂದಿನ ದಿನವೇ ಬಂದು ಹೋಗಿತ್ತು.

ನಿಯಮದಂತೆ ಸೊನ್ನೆ ಬರೆಯಬೇಕಾಗಿದ್ದದ್ದು ಆಗ. ನಾನು ನಾಲ್ಕು ಇಂಚು ಹದಿನೆಂಟು ಸೆಂಟು ಎಂದು ಬರೆದೆ, ಅರ್ಜಂಟ್ ತಾರನ್ನೂ ಕೊಟ್ಟೆ. ಈ ಸಲ ತಾರಿನವನು ಅಂಕಿಯನ್ನು ಎರಡು ಸಲ ಓದಿ ಕಳಿಸಿದ. ಮಧ್ಯಾಹ್ನ ಸುದ್ದಿ ಬಂತು. ಹೊಳೆ ಕತ್ತಲಲ್ಲಿ ಬಂಡೆ ಹತ್ತಿ ಬಂದಿತ್ತು, ಕಾಯಿಯೂ ಇಲ್ಲ, ಮುದುಕನೂ ಇಲ್ಲ. ಮೂರನೆಯ ದಿನ ಬಹಳ ಕೆಳಗೆ ಜಾಲಿಯ ಪೊದೆಯಲ್ಲಿ ಆದಪ್ಪಜ್ಜ ಸಿಕ್ಕ. ಹೆಗಲ ಕಂಬಳಿ ಮೈಗೆ ಸುತ್ತಿಕೊಂಡೇ ಇತ್ತಂತೆ.

ಮುಂದಿನ ವರ್ಷ ಪುಣೆಯಿಂದ ತಪಾಸಣೆಗೆ ಒಬ್ಬ ಸಾಹೇಬರು ಕೊಲ್ಹಾಪುರದ ಮೇಲಿಂದ ಬಂದರು. ಡಬ್ಬಿಯನ್ನು ಪರೀಕ್ಷಿಸಿ ಯಾವ ದೋಷವೂ ಇಲ್ಲ ಎಂದರು. ರಜಿಸ್ಟರ್ ತಿರುವಿ, ಆ ಎರಡು ದಿನಗಳ ಅಂಕಿಗಳ ಮೇಲೆ ಬೆರಳಿಟ್ಟು, ಸುತ್ತಲಿನ ಊರುಗಳ ಅಳತೆಗೆ ಸರಿಯಾಗಿ ತಾಳೆಯಾಗುತ್ತದೆ ಎಂದು ಮೆಚ್ಚಿಕೊಂಡರು. ನಾನು ಬರೆದ ಸತ್ಯಗಳನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಎರಡು ಸುಳ್ಳು ಸೇರಿ ಒಂದು ನಿರ್ದೋಷವಾದ ಲೆಕ್ಕವಾಗಿತ್ತು.

ಏನಾಗಿರಬಹುದು ಎಂದು ನಾನು ಯೋಚಿಸದ ದಾರಿಯಿಲ್ಲ. ಚೇಷ್ಟೆ ಎನ್ನೋಣವೆಂದರೆ, ಮರುದಿನದ ಮಳೆಯ ಅಳತೆ ಆ ಚೇಷ್ಟೆಯವನಿಗೆ ಹೇಗೆ ತಿಳಿಯಿತು? ಸುತ್ತಲ ಊರುಗಳಲ್ಲೂ ಸುಮಾರು ಅಷ್ಟೇ ಬಿದ್ದಿತ್ತಲ್ಲ. ನನಗೇ ಭ್ರಮೆಯಾಗಿ ದಿನಗಳು ಅದಲುಬದಲಾದವೇ? ಹಾಗಾದರೆ ಬಿಸಿಲು ನೋಡಿ ತಾರಿನವನು ತಮಾಷೆ ಮಾಡಿದ್ದು ಯಾತಕ್ಕೆ? ರಜಿಸ್ಟರನ್ನು ಸಾಕ್ಷಿಗೆ ಕರೆಯೋಣವೆಂದರೆ ಅದು ನನ್ನ ವಿರುದ್ಧವೇ ಹೇಳುತ್ತದೆ, ಮತ್ತು ಅದನ್ನು ಹಾಗೆ ಹೇಳಲು ಕಲಿಸಿದವನು ನಾನೇ. ಯಾರೋ ನನಗೆ ಮುಂಚಿತವಾಗಿ ತಿಳಿಸಲು ಬಂದಿದ್ದರು ಎಂದು ಹೇಳುವ ಧೈರ್ಯ ಇವತ್ತಿಗೂ ಇಲ್ಲ. ತಿಳಿಸಲಿಲ್ಲ ಎಂದು ಹೇಳುವ ಧೈರ್ಯವೂ ಇಲ್ಲ.

ಸೂತಕ ಕಳೆದ ಮೇಲೆ ನೇಮಣ್ಣ ಒಂದು ದಿನ ಮನೆಗೆ ಬಂದಿದ್ದ. ನಾನು ಅವನ ಮುಖ ನೋಡದೆ ಏನೋ ಬರೆಯುತ್ತ ಕೂತೆ. ಅವನೇ ನನಗೆ ಸಮಾಧಾನ ಹೇಳಿದ. "ನೀವ್ಯಾಕ ಇಷ್ಟ ಮಾರಿ ಸಣ್ಣ ಮಾಡೀರಿ ಮಾಸ್ತರ? ಅಪ್ಪನ ಕರ್ಮ ಅಲ್ಲಿಗೆ ತೀರಿತ್ತು. ನಿಮ್ಮ ಗಾಜಿನ್ಯಾಗ ಇಲ್ಲದ್ದ ನೀವು ಹ್ಯಾಂಗ ಹೇಳತೀರಿ?" ಎಂದ. ಹೆಂಡತಿ ತಂದಿಟ್ಟ ಚಹಾ ಕುಡಿದು, ನಮಸ್ಕಾರ ಮಾಡಿ ಹೋದ. ಮರುವರ್ಷವೂ ಅವನು ಕಾಯಿ ಹಾಸುವ ಮೊದಲು ನನ್ನನ್ನು ಕೇಳಲು ಬಂದ. ಅದೇ ವರ್ಷ ನಾನು ಆ ಕೆಲಸ ಬಿಟ್ಟೆ.

ಈಗ ಇಚಲಕರಂಜಿಯಲ್ಲಿದ್ದೇನೆ. ಮಗ್ಗಗಳ ಸದ್ದಿನಲ್ಲಿ ಮಳೆ ಬಂದದ್ದೂ ತಿಳಿಯುವುದಿಲ್ಲ, ಅದೂ ಒಂದು ಉಪಕಾರವೇ. ನೇಮಣ್ಣ ನೂಲದಲ್ಲೇ ಇದ್ದಾನೆ, ತಲೆ ಪೂರಾ ಹಣ್ಣಾಗಿದೆಯಂತೆ. ಅವನ ಮಗ ಕೊಲ್ಹಾಪುರದಲ್ಲಿ ಓದುತ್ತಾನೆ, ರಜೆಗೆ ಊರಿಗೆ ಹೋದಾಗ ಕೈಗೆ ಸಿಕ್ಕ ಕನ್ನಡ ಪತ್ರಿಕೆಗಳನ್ನೆಲ್ಲ ತಂದೆಗೆ ಓದಿ ಹೇಳುತ್ತಾನೆ ಎಂದು ಕೇಳಿದ್ದೇನೆ. ಇದನ್ನೂ ಓದಿ ಹೇಳಲಿ. ನೇಮಣ್ಣ, ಆ ದಿನ ಗಾಜಿನಲ್ಲಿ ನೀರಿತ್ತು.