ಓದಕ್ಕನ ಪುಸ್ತಕಕ್ಕೆ ಬೀಗ ಬಿದ್ದದ್ದು

ಚಿಕ್, ಚಿಕ್, ಚಿಕ್. ಹೊಲಿದು ಬಂದ ಅಂಗಿಗಳಲ್ಲಿ ಉಳಿದುಕೊಂಡ ದಾರದ ತುದಿಗಳನ್ನು ಕತ್ತರಿಸುವ ಪುಟ್ಟ ಕತ್ತರಿಗಳ ಸದ್ದು ಅದು. ಬಟ್ಟೆ ಕಾರ್ಖಾನೆಯ ಮೇಲಿನ ಮಹಡಿಯ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಆ ಸದ್ದು ಇದ್ದೇ ಇರುತ್ತದೆ. ಕೆಳಗಿನ ಮಹಡಿಯಲ್ಲಿ ಹೊಲಿಗೆ ಯಂತ್ರಗಳು ಗುಡುಗುತ್ತವೆ. ಮೇಲೆ ಕತ್ತರಿಗಳು ಗುಬ್ಬಿಗಳ ಹಾಗೆ ಕೊಕ್ಕಾಡಿಸುತ್ತವೆ. ಬಾಗಿಲ ಹೊರಗೆ ನಿಂತೇ ಸೂಪರ್‌ವೈಸರು ಒಳಗಿನ ಕಥೆ ಎಲ್ಲಿಗೆ ಬಂದಿದೆಯೆಂದು ಹೇಳಬಲ್ಲ. ಕತ್ತರಿಗಳು ಚುರುಕಾಗಿ ಓಡುತ್ತಿದ್ದರೆ ಕಥೆಯಲ್ಲಿ ಜಗಳ. ಬಿಟ್ಟು ಬಿಟ್ಟು ಕೇಳಿಸಿದರೆ ಪ್ರೇಮ. ಪೂರ್ತಿ ನಿಂತುಹೋದರೆ ಯಾರೋ ಸತ್ತಿದ್ದಾರೆ.

"ಓದಕ್ಕ, ಅಂಗಿ ಒಯ್ಯೋಕೆ ಸಾಯಂಕಾಲ ಲಾರಿ ಬರುತ್ತೆ," ಎಂದು ಅವನು ಬಾಗಿಲಲ್ಲಿ ತಲೆ ಹಾಕುತ್ತಾನೆ. "ಇವತ್ತೊಂದಿನ ಯಾರನ್ನೂ ಸಾಯಿಸಬೇಡಿ. ಆದ್ರೆ ಒಂದೊಳ್ಳೆ ಜಗಳ ಹಚ್ಚಿ."

"ನಾನೆಲ್ಲಿ ಸಾಯಿಸ್ತೀನಿ ಸಾರ್? ಬರೆದೋರು ಸಾಯಿಸ್ತಾರೆ. ನಾನು ಸುದ್ದಿ ಮುಟ್ಟಿಸೋಳು."

ಓದಕ್ಕ ಎಂಬುದು ಅವಳಿಗೆ ಆ ಕೋಣೆ ಇಟ್ಟ ಹೆಸರು. ಅವಳೂ ಕೆಲಸಕ್ಕೆ ಸೇರಿದ್ದು ದಾರ ಕತ್ತರಿಸುವುದಕ್ಕೇ. ಒಂದು ದಿನ ದಾರದ ಉರುಳೆಗಳಿಗೆ ಸುತ್ತಿಕೊಂಡು ಬಂದ ಹಳೆಯ ವಾರಪತ್ರಿಕೆಯ ಹಾಳೆಯಲ್ಲಿ ಅರ್ಧ ಕಥೆ ಸಿಕ್ಕಿತು. ಸುಮ್ಮನೆ ಗಟ್ಟಿಯಾಗಿ ಓದಿದಳು. ಸೊಸೆ ಬಾವಿಯ ಹತ್ತಿರ ಹೋಗುವಲ್ಲಿಗೆ ಹಾಳೆ ಹರಿದಿತ್ತು. ಆ ಮಧ್ಯಾಹ್ನ ಕೋಣೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಎಲ್ಲರ ಕಾಟ ತಾಳಲಾರದೆ ಓದಕ್ಕ ತಾನೇ ಒಂದು ಅಂತ್ಯ ಕಟ್ಟಿ ಹೇಳಿದಳು. ಬಾವಿಗೆ ನೀರು ಸೇದಲು ಹೋಗಿದ್ದ ಸೊಸೆ ಕೊಡ ತುಂಬಿಕೊಂಡು ಮನೆಗೆ ಬಂದಳು, ಅತ್ತೆ ಬಾಗಿಲಲ್ಲೇ ಅವಳನ್ನು ಅಪ್ಪಿಕೊಂಡಳು.

"ಇದು ನಿನ್ನ ಸುಳ್ಳು ಕಣೇ," ಎಂದಳು ಮೂಲೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಹಿರಿಯಳು. "ಯಾವ ಅತ್ತೆ ಸೊಸೆನ ತಬ್ಕೊಂಡಿದ್ದಾಳೆ?" ಎಲ್ಲರಿಗಿಂತ ದೊಡ್ಡವಳಾದ ಅವಳು ಕೋಣೆಗೆಲ್ಲ ಇಸ್ತ್ರಿ ಅತ್ತೆ. ಅಕ್ಷರ ಬಾರದು, ಆದರೆ ಅಂಗಿಯ ಸುಕ್ಕನ್ನೂ ಕಥೆಯ ಸುಳ್ಳನ್ನೂ ದೂರದಿಂದಲೇ ಹಿಡಿಯುತ್ತಾಳೆ.

ಮರುದಿನ ಓದಕ್ಕ ಗ್ರಂಥಾಲಯದಿಂದ ಪುಸ್ತಕ ತಂದಳು. ಅಂದಿನಿಂದ ಹಾಗೇ ನಡೆದುಬಂದಿದೆ. ಅವಳು ಓದುತ್ತಾಳೆ, ಅವಳ ಪಾಲಿನ ಅಂಗಿಗಳನ್ನು ಉಳಿದವರು ತಮ್ಮ ತಮ್ಮ ರಾಶಿಗೆ ಎಳೆದುಕೊಳ್ಳುತ್ತಾರೆ. ಅವಳದೇನು ಮಧುರ ಕಂಠವಲ್ಲ. ಗಂಡಸರ ಮಾತು ಬಂದಾಗ ನೆಗಡಿಯಾದವರ ಹಾಗೆ ಓದುತ್ತಾಳೆ, ಶ್ರೀಮಂತರ ಮಾತನ್ನು ಮೂಗಿನಲ್ಲಿ. ಅಳುವ ಜಾಗ ಬಂದರೆ ಮೊದಲು ತಾನೇ ಅತ್ತು, ಮೂಗು ಒರೆಸಿಕೊಂಡು, ಆಮೇಲೆ ಓದುತ್ತಾಳೆ. ಅಷ್ಟು ಹೊತ್ತು ಕೋಣೆ ಏನಾಯಿತೆಂದು ತಿಳಿಯದೆ ಒದ್ದಾಡುತ್ತದೆ.

ವಯಸ್ಸಾದಂತೆ ಕಣ್ಣು ಮಂಜಾಯಿತು. ಅಕ್ಷರಗಳು ಇರುವೆಗಳಾದವು, ಇರುವೆಗಳು ಸಾಲು ತಪ್ಪಿದವು. ಆಗ ಅವಳ ನಾದಿನಿ ಪರದೆಯ ಮೇಲೆ ಪುಸ್ತಕ ಓದುವ ಒಂದು ಇ-ರೀಡರ್ ತಂದುಕೊಟ್ಟಳು. ನಾದಿನಿ ಹಲ್ಲಿನ ಡಾಕ್ಟರ ಹತ್ತಿರ ರಿಸೆಪ್ಷನ್ನಿನಲ್ಲಿ ಇರುವವಳು. ಯಾರ ಹತ್ತಿರ ಏನು ಮಾತಾಡಿದರೂ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರಿಗೆ ಧೈರ್ಯ ಹೇಳುವ ಹಾಗಿರುತ್ತದೆ. "ಹೆದರ್ಕೋಬೇಡಿ ಅತ್ತಿಗೆ, ಏನೂ ಆಗಲ್ಲ. ಇಲ್ಲಿ ಒತ್ತಿ, ಅಕ್ಷರ ದೊಡ್ಡದಾಗುತ್ತೆ. ಅಷ್ಟೇ, ಮುಗೀತು."

ಅಕ್ಷರ ಅವರೆಕಾಳಿನಷ್ಟಾಯಿತು. ಓದಕ್ಕ ಇನ್ನಷ್ಟು ಒತ್ತಿ ಗೋಲಿಯಷ್ಟು ಮಾಡಿಕೊಂಡಳು. ಪುಟಕ್ಕೆ ನಾಲ್ಕೇ ಮಾತು ಬಂದರೂ ಪ್ರತಿ ಪುಟ ತಿರುಗಿಸುವಾಗ ಹದಿನೆಂಟರ ಹುಡುಗಿಯ ಹಾಗೆ ಬೀಗುತ್ತಿದ್ದಳು.

ಈ ಸಲ ಕೋಣೆಯವರೆಲ್ಲ ಸೇರಿ ಆ ಇ-ರೀಡರಿನಲ್ಲೇ ಒಂದು ಕಾದಂಬರಿ ಕೊಂಡರು. ನದಿ ದಂಡೆಯ ಊರಿನ ನರ್ಸೊಬ್ಬಳ ಕಥೆ. ಅವಳನ್ನು ಇಬ್ಬರು ಬಯಸುತ್ತಾರೆ. ಒಬ್ಬ ಗಡಿಯಾರ ರಿಪೇರಿಯವ, ಬಾಯಿ ಬಿಡದವ. ಇನ್ನೊಬ್ಬ ಅಂಬಿಗ, ಬಾಯಿ ಮುಚ್ಚದವ. ಕೋಣೆ ಎರಡು ಪಕ್ಷವಾಯಿತು. ಗಡಿಯಾರದವರು ಕಿಟಕಿಯ ಕಡೆ ಕೂತರು, ಅಂಬಿಗನವರು ಗೋಡೆಯ ಕಡೆ. ಇಸ್ತ್ರಿ ಅತ್ತೆ ಅಂಬಿಗನ ಪಕ್ಷ.

"ಮಾತಾಡದ ಗಂಡನ ಜೊತೆ ನಾನು ಬಾಳಿ ನೋಡಿದೀನಿ," ಎಂದಳು. "ಗೋಡೆನಾದ್ರೂ ಮಳೆ ಬಂದಾಗ ತೊಟ್ಟಿಕ್ಕುತ್ತೆ."

ಅತ್ತೆಗೆ ಮೊಣಕಾಲು ಸೋತಿತ್ತು. ಮುಂದಿನ ಶನಿವಾರ ಅವಳ ಕೆಲಸದ ಕೊನೆಯ ದಿನ. ಅಂದೇ ಸಂಜೆ ದೂರದ ಊರಿನ ತಂಗಿಯ ಮನೆಗೆ ಹೊರಡುವವಳು. ಅಲ್ಲಿ ಓದಿ ಹೇಳುವವರಿಲ್ಲ. "ಅಷ್ಟರೊಳಗೆ ಆ ಹುಡುಗಿನ ಒಂದು ದಡ ಸೇರಿಸು," ಎಂದಿದ್ದಳು. "ಅವಳ ಮದುವೆ ಯಾರ ಜೊತೆ ಅಂತ ಗೊತ್ತಿಲ್ದೆ ನಾನು ಬಸ್ ಹತ್ತಲ್ಲ."

ನರ್ಸು ಮುಂಜಾನೆಯ ಮಂಜಿನಲ್ಲಿ ಚೀಲ ಹಿಡಿದು ನದಿಗೆ ಬಂದಿದ್ದಳು. ಆಚೆ ದಡದಲ್ಲಿ ಯಾರೋ ಲಾಟೀನು ಎತ್ತಿ ನಿಂತಿದ್ದರು. ಯಾರೆಂದು ಕಾಣುತ್ತಿರಲಿಲ್ಲ. ಅಲ್ಲಿಗೆ ವಾರ ಮುಗಿಯಿತು, ಕೊನೆಯ ಅಧ್ಯಾಯ ಉಳಿಯಿತು.

ಸೋಮವಾರ ಓದಕ್ಕ ಇ-ರೀಡರ್ ತೆರೆದರೆ ನದಿಯೂ ಇಲ್ಲ, ಲಾಟೀನೂ ಇಲ್ಲ. 'ಈ ಪುಸ್ತಕ ನಿಮಗೆ ಲಭ್ಯವಿಲ್ಲ' ಎಂಬ ಒಂದು ಸಾಲು, ಗೋಲಿಯಷ್ಟು ದಪ್ಪ ಅಕ್ಷರದಲ್ಲಿ.

ಆದದ್ದಿಷ್ಟು. ಎಲ್ಲರೂ ಸೇರಿ ಕೊಂಡ ಪುಸ್ತಕ ಎಲ್ಲರ ಮನೆಗೂ ಹೋಗಬೇಕೆಂಬುದು ಆ ಕೋಣೆಯ ನ್ಯಾಯ. ಅಂಗಿಯ ರಾಶಿಯನ್ನು ಹಂಚಿಕೊಂಡವರು ಪುಸ್ತಕ ಹಂಚಿಕೊಳ್ಳುವುದಿಲ್ಲವೇ? ಸರದಿಯ ಮೇಲೆ ಒಬ್ಬೊಬ್ಬಳೂ ಇ-ರೀಡರನ್ನು ಮನೆಗೆ ಒಯ್ದಳು, ತನ್ನ ಮನೆಯ ವೈಫೈಗೆ ಸೇರಿಸಿದಳು. ಮಗಳೂ ಓದಲೆಂದು ಒಬ್ಬಳು, ತಂಗಿಯೂ ಓದಲೆಂದು ಇನ್ನೊಬ್ಬಳು, ಓದಕ್ಕನದೇ ಪಾಸ್‌ವರ್ಡ್ ಹಾಕಿ ತಮ್ಮ ಫೋನುಗಳಲ್ಲೂ ತೆರೆದುಕೊಂಡರು. ಕೊನೆಯ ಅಧ್ಯಾಯವನ್ನು ಮಾತ್ರ ಕೋಣೆ ಕೇಳುವ ಮೊದಲು ಯಾರೂ ಮುಟ್ಟಕೂಡದೆಂಬ ಕರಾರಿತ್ತು. ಒಬ್ಬಳೇ ಹೆಂಗಸು ಒಂದೇ ಹೊತ್ತಿನಲ್ಲಿ ಊರಿನ ಎಲ್ಲ ಮೂಲೆಗಳಲ್ಲಿ ಕೂತು ಓದುತ್ತಿರುವುದನ್ನು ಕಂಡು ಇ-ರೀಡರಿನ ಕಂಪನಿ ಗಾಬರಿಯಾಗಿ ಅವಳ ಖಾತೆಗೇ ಬೀಗ ಜಡಿದಿತ್ತು.

ಓದಕ್ಕ ಸಹಾಯವಾಣಿಗೆ ಫೋನು ಮಾಡಿದಳು. ಕೋಣೆಯೆಲ್ಲ ಸುತ್ತ ನಿಂತಿತು.

"ನಿಮ್ಮ ಖಾತೆಯಲ್ಲಿ ಅನುಮಾನ ಬರೋ ಅಂಥ ಚಟುವಟಿಕೆ ಕಂಡಿದೆ ಮೇಡಂ," ಎಂದ ಆ ಕಡೆಯವನು.

"ಏನದು?"

"ತುಂಬಾ ಕಡೆಯಿಂದ ಓದಿದ್ದಾರೆ."

"ಪುಸ್ತಕ ಕೊಂಡ್ರೆ ಓದದೆ ಇನ್ನೇನಪ್ಪ ಮಾಡ್ತಾರೆ?"

"ನೀವು ಪುಸ್ತಕ ಕೊಂಡಿಲ್ಲ ಮೇಡಂ. ಓದೋದಕ್ಕೆ ಅನುಮತಿ ಕೊಂಡಿದ್ದೀರಿ. ನೀವು ಒಪ್ಪಿಗೆ ಕೊಟ್ಟ ಷರತ್ತುಗಳಲ್ಲೇ ಇದೆ."

ಊರಿಗೆಲ್ಲ ಓದಿ ಹೇಳುವ ಓದಕ್ಕ ಅದೊಂದನ್ನು ಓದಿರಲಿಲ್ಲ. "ಹಾಗಿದ್ರೆ ಅಲ್ಲಿ 'ಕೊಳ್ಳಿ' ಅಂತ ಯಾಕೆ ಬರೆದಿದ್ದೀರಿ? 'ನೋಡ್ಕೊಂಡು ವಾಪಸ್ ಕೊಡಿ' ಅಂತ ಬರೀಬಹುದಿತ್ತಲ್ಲ?"

"ಒಳ್ಳೆ ಸಲಹೆ ಮೇಡಂ, ಮೇಲಿನವರಿಗೆ ತಿಳಿಸ್ತೀನಿ. ವಿಚಾರಣೆ ಮುಗಿದ ಮೇಲೆ ನಾವೇ ಫೋನ್ ಮಾಡ್ತೀವಿ."

"ಶನಿವಾರದೊಳಗೆ?"

"ಆದಷ್ಟು ಬೇಗ."

'ಆದಷ್ಟು ಬೇಗ' ಎಂಬ ವಾರ ಯಾವ ಕ್ಯಾಲೆಂಡರಿನಲ್ಲೂ ಇರಲಿಲ್ಲ.

ಓದಕ್ಕನ ಗಂಡ ಬೀಗ ರಿಪೇರಿಯವ. ಬಸ್ ನಿಲ್ದಾಣದ ಎದುರು ಕೀಲಿಕೈಗಳ ಗೊಂಚಲು ತೂಗುಹಾಕಿಕೊಂಡು ಕೂರುತ್ತಾನೆ. ಹೆಂಡತಿ ಬೀಗ ಬಿದ್ದಿದೆ ಅಂದದ್ದೇ ತಡ, ಕನ್ನಡಕ ಏರಿಸಿ ಇ-ರೀಡರನ್ನು ಹಿಂದೆ ಮುಂದೆ ತಿರುಗಿಸಿದ.

"ತೂತೆಲ್ಲಿದೆ?"

"ತೂತಿಲ್ಲ. ಕೀಲಿಕೈ ಕಂಪನಿ ಹತ್ರ."

"ಮನೆಗೆ ಬೀಗ ಹಾಕೋದು ಕಳ್ಳನಿಗೆ," ಎಂದ ಅವನು, ವೃತ್ತಿಗೇ ಅವಮಾನವಾದವನ ಹಾಗೆ. "ಇದ್ಯಾವ ಕಸುಬು, ಮನೆಯವಳನ್ನ ಹೊರಗಿಟ್ಟು ಹಾಕೋದು?" ರಾತ್ರಿ ಊಟಕ್ಕೆ ಕೂತಾಗಲೂ ತೂತಿಲ್ಲದ ಬೀಗವನ್ನು ಬೈಯುತ್ತಲೇ ಇದ್ದ.

ಅಚ್ಚಿನ ಪ್ರತಿ ಅಂಗಡಿಗಳಲ್ಲಿ ಮುಗಿದಿತ್ತು. ಗ್ರಂಥಾಲಯದ್ದನ್ನು ಯಾರೋ ಒಯ್ದವರು ಮರಳಿಸಿರಲಿಲ್ಲ. ಮಂಗಳವಾರ ಓದಕ್ಕ ಕೆಟ್ಟ ಧೈರ್ಯ ಮಾಡಿದಳು. ಖಾಲಿ ಪರದೆಯನ್ನು ಮುಖದ ಮುಂದೆ ಹಿಡಿದು, ಬೀಗ ತೆಗೆದಿದ್ದಾರೆಂದು ಸಾರಿ, ಓದತೊಡಗಿದಳು. ಮಂಜು ಸರಿಯಿತು. ದೋಣಿ ಬಂತು. ಅಂಬಿಗ ನೆಗಡಿಯ ದನಿಯಲ್ಲಿ, "ಬೇಗ ಹತ್ತಿ, ಸಾಯಂಕಾಲ ಲಾರಿ ಬರುತ್ತೆ," ಎಂದ.

ಕತ್ತರಿಗಳು ನಿಂತವು. ಸೂಪರ್‌ವೈಸರು ಓಡಿಬಂದ. "ಯಾರು ಹೋದ್ರು?"

"ಓದಕ್ಕನ ಮಾನ ಹೋಯ್ತು," ಎಂದಳು ಇಸ್ತ್ರಿ ಅತ್ತೆ. ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಹತ್ತಿರ ಬಂದಳು. ದನಿ ತಗ್ಗಿಸಿದಳು. "ನನ್ನ ಖುಷಿಗೆ ಅಂಬಿಗನ್ನ ಕರೆಸಿದೆ, ಗೊತ್ತು ಕಣೇ. ಆದ್ರೆ ನಂಗೆ ಬೇಕಾಗಿರೋದು ನಿಜವಾಗಿ ಏನಾಯ್ತು ಅಂತ. ಸಮಾಧಾನ ಮಾಡೋರು ತಂಗಿ ಮನೇಲೂ ಸಿಗ್ತಾರೆ."

ಓದಕ್ಕನಿಗೆ ಆ ಮಾತು ನಾಟಿತು. ಸಂಜೆ ನೇರ ನಾದಿನಿಯ ಡೆಸ್ಕಿನ ಮುಂದೆ ಹೋಗಿ ನಿಂತಳು. ದವಡೆ ಹಿಡಿದು ಕೂತಿದ್ದವರೆಲ್ಲ ಅವಳ ಮುಖ ನೋಡಿ, ಪಾಪ, ಇವಳದೇ ಹೆಚ್ಚು ನೋವಿರಬೇಕೆಂದು ಜಾಗ ಬಿಟ್ಟರು.

"ಹೆದರ್ಕೋಬೇಡಿ ಅತ್ತಿಗೆ," ಎಂದಳು ನಾದಿನಿ. ಬಿಡುವಿನಲ್ಲಿ ಹುಡುಕಿದಳು. ಬೇರೊಂದು ಕಂಪನಿಯಲ್ಲಿ ಅದೇ ಕಾದಂಬರಿ ಇತ್ತು. ಆದರೆ ಆ ಕಂಪನಿಯ ಪುಸ್ತಕ ಈ ಕಂಪನಿಯ ರೀಡರಿನಲ್ಲಿ ತೆರೆಯುವುದಿಲ್ಲ.

"ಇದೆಂಥದೇ? ಒಂದು ಅಂಗಡಿ ಅಕ್ಕಿ ಇನ್ನೊಂದು ಅಂಗಡಿ ಪಾತ್ರೆಲಿ ಬೇಯಲ್ಲ ಅಂದ ಹಾಗಾಯ್ತಲ್ಲ."

"ಹಾಗೇ ಅತ್ತಿಗೆ. ತಪ್ಪು ನನ್ನದೇ. ಬಣ್ಣ ಚೆನ್ನಾಗಿದೆ ಅಂತ ತಂದುಬಿಟ್ಟೆ."

ನಾದಿನಿ ಪ್ರಕಾಶಕರನ್ನೇ ಹುಡುಕಿ ಫೋನು ಮಾಡಿದಳು. ಮುದುಕ ದಂಪತಿ ನಡೆಸುವ ಪುಟ್ಟ ಸಂಸ್ಥೆ. ಅವರು ಪುಸ್ತಕವನ್ನು ಬೀಗವಿಲ್ಲದ ಫೈಲಾಗಿಯೇ ಮಾರುತ್ತಾರಂತೆ. ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು, ತಂತಿ ಚುಚ್ಚಿ ಯಾವ ರೀಡರಿಗಾದರೂ ಹಾಕಬಹುದು, ರೀಡರು ಕೆಟ್ಟರೆ ಇನ್ನೊಂದಕ್ಕೆ ಹಾಕಬಹುದು. "ಊರಿಗೆಲ್ಲ ನಕಲು ಹಂಚಬೇಡಿ, ನಾವೂ ಬದುಕಬೇಕು, ಗಟ್ಟಿಯಾಗಿ ಓದಿದ್ರೆ ಬೇಕಾದಷ್ಟು ಜನ ಕೇಳಲಿ," ಎಂದಳಂತೆ ಮುದುಕಿ. ಕೋಣೆಯವರು ಇನ್ನೊಮ್ಮೆ ಸೇರಿ ಕೊಂಡರು. ಆದರೆ ಹಳೆಯ ರೀಡರು ಖಾತೆಯ ಬೀಗ ತೆಗೆಯುವ ತನಕ ಒಳಗೆ ಏನನ್ನೂ ಬಿಟ್ಟುಕೊಳ್ಳಲಿಲ್ಲ. ಹೊಸದು ಬೇಕೇ ಬೇಕಾಯಿತು.

ಗುರುವಾರ ಓದಕ್ಕ, ನಾದಿನಿ ಇಬ್ಬರೂ ಅಂಗಡಿಗೆ ಹೋದರು. ಅಂಗಡಿಯವ ಮೊದಲಿಗೆ ಮಿರಮಿರ ಮಿಂಚುವುದೊಂದನ್ನು ಮುಂದಿಟ್ಟ.

"ಇದನ್ನ ನೆರೆಮನೆಯವಳಿಗೆ ಕೊಟ್ಟರೆ ಬೇಜಾರು ಮಾಡ್ಕೊಳುತ್ತಾ?" ಎಂದಳು ಓದಕ್ಕ.

"ಅಂದ್ರೆ ಮೇಡಂ?"

"ಅತ್ತಿಗೆ, ಹಾಗಲ್ಲ ಕೇಳೋದು," ಎಂದಳು ನಾದಿನಿ. "ಖಾತೆ ಇಲ್ದೆ ನಡೆಯುತ್ತಾ? ತಂತಿಲಿ ಫೈಲ್ ಹಾಕಬಹುದಾ? ಬೇರೆ ಕಡೆ ಕೊಂಡ ಪುಸ್ತಕ ತೆರೆಯುತ್ತಾ?"

"ಹೂಂ, ಅದನ್ನೇ ಕೇಳಿದ್ದು ನಾನು. ಇನ್ನೊಂದು. ನಾಳೆ ನೀವು ಅಂಗಡಿ ಮುಚ್ಚಿದ್ರೂ ನನ್ನ ಪುಸ್ತಕ ತೆರೆಯುತ್ತಾ? ನೀವು ಮುಚ್ಚಲಿ ಅಂತಲ್ಲಪ್ಪ. ನೂರು ಕಾಲ ನಡೆಸಿ."

ಅಂಗಡಿಯವ ಆಚೀಚೆ ನೋಡಿ ನಕ್ಕ. ಬಗ್ಗಿ ಕೆಳಗಿನ ಖಾನೆಯಿಂದ ಬೂದುಬಣ್ಣದ್ದೊಂದನ್ನು ತೆಗೆದ. ಕಾಣಲು ಸ್ಲೇಟಿನ ಹಾಗಿತ್ತು. "ಇದು ಯಾರ ಖಾತೆನೂ ಕೇಳಲ್ಲ. ನೋಡೋಕೆ ಸಪ್ಪೆ ಅಂತ ಯಾರೂ ಒಯ್ಯಲ್ಲ. ಮನೇಲಿ ನನ್ನ ಹತ್ರ ಇರೋದೂ ಇದೇ."

"ಸಪ್ಪೆ ಇರಲಿ," ಎಂದಳು ಓದಕ್ಕ. "ನನ್ನ ಗಂಡನೂ ಸಪ್ಪೆನೇ. ಆದ್ರೆ ಮನೆ ಬಾಗಿಲು ತೆಗೀತಾನೆ."

ನಾದಿನಿ ಫೈಲನ್ನು ಅದಕ್ಕೆ ಹಾಕಿಕೊಟ್ಟು, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲೂ ಇಟ್ಟಳು. ಓದಕ್ಕನ ಗಂಡ ಆ ಪೆನ್‌ಡ್ರೈವಿಗೆ ತೂತು ಕೊರೆದು ಕೀಲಿಗೊಂಚಲಿಗೆ ಪೋಣಿಸಹೊರಟದ್ದನ್ನು ಸಮಯಕ್ಕೆ ಸರಿಯಾಗಿ ತಪ್ಪಿಸಿದರು.

ಶುಕ್ರವಾರ ಮುಂಚೆಯೇ ಲಾರಿ ಬಂದು ಓದುವುದಕ್ಕೆ ಆಗಲಿಲ್ಲ. ಶನಿವಾರ ಮಧ್ಯಾಹ್ನ ಓದಕ್ಕ ಸ್ಲೇಟು ಎತ್ತಿಕೊಂಡಳು. ನದಿ ಮರಳಿ ಬಂತು. ಮಂಜು, ಚೀಲ, ಲಾಟೀನು, ಎಲ್ಲ ಬಿಟ್ಟಲ್ಲೇ ಇದ್ದವು. ಗಡಿಯಾರದವರು ಕಿಟಕಿಯ ಕಡೆ ಕತ್ತರಿ ಹಿಡಿದು ಕೂತರು, ಅಂಬಿಗನವರು ಗೋಡೆಗೊರಗಿದರು. ದೋಣಿ ದಡ ಬಿಟ್ಟಿತು. ಹುಟ್ಟು ಹಾಕುತ್ತಿದ್ದವಳು ನರ್ಸೇ. ಆಚೆ ದಡ ಹತ್ತಿರವಾಯಿತು. ಲಾಟೀನು ಹಿಡಿದ ಕೈ ಕಂಡಿತು. ಮುಖ ಕಾಣಬೇಕು, ಅಷ್ಟರಲ್ಲಿ ಚಹದ ಗಂಟೆ ಹೊಡೆಯಿತು. ಅದರ ಹಿಂದೆಯೇ ಓದಕ್ಕನ ಫೋನೂ ರಿಂಗಾಯಿತು. ಯಾರೋ ಏನೋ ಎಂದು ಅವಳು ಹೊರಗಿನ ಮೆಟ್ಟಿಲ ಹತ್ತಿರ ಹೋಗಿ ಎತ್ತಿದಳು.

"ಮೇಡಂ, ಸಿಹಿಸುದ್ದಿ," ಎಂದ ಸಹಾಯವಾಣಿಯವನು. "ವಿಚಾರಣೆ ಮುಗೀತು. ನಿಮ್ಮ ಖಾತೆ ವಾಪಸ್ ಕೊಡ್ತಿದ್ದೀವಿ. ಅದಕ್ಕೆ ಮೊದಲು ಕೆಲವು ಪ್ರಶ್ನೆ ಕೇಳಬೇಕು. ಇನ್ಮುಂದೆ ಪುಸ್ತಕನ ನೀವೊಬ್ಬರೇ ಓದ್ತೀನಿ ಅಂತ ಒಪ್ಕೊಳ್ತೀರಾ?"

ಬಾಗಿಲಲ್ಲಿ ಇಸ್ತ್ರಿ ಅತ್ತೆ ಬಂದು ನಿಂತಿದ್ದಳು. ಹೆಗಲಿಗೆ ಆಗಲೇ ಚೀಲ ಬಿದ್ದಿತ್ತು. ಅವಳ ಹಿಂದೆ ಕೋಣೆಯಲ್ಲಿ ಚಹ ಯಾರೂ ಮುಟ್ಟಿರಲಿಲ್ಲ. ಒಂದು ಕತ್ತರಿಯೂ ಉಲಿಯುತ್ತಿರಲಿಲ್ಲ. ಸೂಪರ್‌ವೈಸರು ಕೂಡ ಗೋಡೆಯ ಕಡೆ ಹೋಗಿ ಕೂತು ತನ್ನ ಪಕ್ಷ ಯಾವುದೆಂದು ಬಯಲು ಮಾಡಿಕೊಂಡಿದ್ದ.

"ಬಸ್ಸಿಗೆ ಹೊತ್ತಾಯ್ತು ಕಣೇ," ಎಂದಳು ಅತ್ತೆ. "ಲಾಟೀನು ಹಿಡಿದ ಪುಣ್ಯಾತ್ಮನ ಕೈ ನೋಯುತ್ತೆ."

"ಮೇಡಂ, ಒಬ್ಬರೇ ಓದ್ತೀರಿ ತಾನೇ? ಹೌದು ಅಥವಾ ಇಲ್ಲ ಅನ್ನಿ ಸಾಕು. ಮೇಡಂ?"

ಓದಕ್ಕ ಫೋನನ್ನು ಮೆಟ್ಟಿಲ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ, ಬೀಳದ ಹಾಗೆ, ಮೆತ್ತಗೆ ಇಟ್ಟಳು. ಅದು ಅಲ್ಲಿಂದಲೇ ಅವಳನ್ನು ಕರೆಯುತ್ತಿತ್ತು. ಅವಳು ಕೈಯಲ್ಲಿದ್ದ ಸ್ಲೇಟಿನಲ್ಲಿ ಹೆಬ್ಬೆರಳಿನಿಂದ ಪುಟ ಹುಡುಕುತ್ತ, ನೆಗಡಿಯ ದನಿಗೆ ಗಂಟಲು ಸರಿಪಡಿಸಿಕೊಳ್ಳುತ್ತ, ಒಳಗೆ ನಡೆದಳು.