ಅಜ್ಜಿಯ ಕೋಣೆಯ ಕಾವು

ನಿನ್ನ ಅಜ್ಜಿಯ ಮೈಯಲ್ಲಿ ಯಾವ ಉಷ್ಣವೂ ಇರಲಿಲ್ಲ, ಸಹನಾ. ಕಾಯುತ್ತಿದ್ದದ್ದು ಅವಳ ಕೋಣೆ. ಅದನ್ನು ಕಟ್ಟಿದವನು ನಾನು, ಅದೇಕೆ ಕಾಯುತ್ತದೆಂದು ಗೊತ್ತಿದ್ದವನೂ ನಾನೊಬ್ಬನೇ. ಗೊತ್ತಿದ್ದೂ ನನ್ನ ತಪ್ಪನ್ನು ಒಡಹುಟ್ಟಿದ ಅಕ್ಕನ ಮೈಮೇಲೆ ಹಾಕಿದೆ.

ಮೊನ್ನೆ, ಅವಳು ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರೆ ನೀನು ಸುಮ್ಮನೆ ಎಲೆ ಹಾಕುತ್ತಿದ್ದೆ. ಯಾರೋ ಏನೋ ಕೇಳಿದ್ದಕ್ಕೆ, "ಅಜ್ಜಿಗೆ ನಾನಂದ್ರೆ ಆಗ್ತಿರ್ಲಿಲ್ಲ, ಚಿಕ್ಕೋಳಿದ್ದಾಗಿಂದ ಹತ್ರ ಸೇರಿಸ್ತಿರ್ಲಿಲ್ಲ" ಅಂದೆ. ನಾನು ಅಲ್ಲೇ ಕುಳಿತಿದ್ದೆ. ಆಗಲೇ ಬಾಯಿ ಬಿಡಬೇಕಿತ್ತು — ಬಿಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ತಿಪಟೂರಿನ ಪಕ್ಕದ ನಿಮ್ಮ ಹಳೇ ಹೆಂಚಿನ ಮನೆ ನಿನಗೆ ಗೊತ್ತಿಲ್ಲ, ನೀನು ಹುಟ್ಟುವ ಮೊದಲೇ ಕೆಡವಿದೆವು. ಅಲ್ಲಿ ಅಟ್ಟದ ತುಂಬ ತೆಂಗಿನಕಾಯಿ, ವರ್ಷವಿಡೀ ಅಲ್ಲೇ ಒಣಗಿ ಕೊಬ್ಬರಿಯಾಗುತ್ತಿದ್ದವು. ಹೆಂಚು, ಕಾಯಿ, ಹಲಗೆ ಎಲ್ಲವನ್ನೂ ದಾಟಿ ಬಿಸಿಲ ಕಾವು ಕೆಳಗಿಳಿಯುವಷ್ಟರಲ್ಲಿ ಹೊತ್ತೇ ಮುಳುಗುತ್ತಿತ್ತು. ಅಕ್ಕ ಅದರಡಿಯಲ್ಲಿ ಬೇಸಿಗೆಯಲ್ಲೂ ಫ್ಯಾನಿಲ್ಲದೆ ಮಲಗುತ್ತಿದ್ದಳು.

ನಿಮ್ಮಪ್ಪ ಮಹೇಶ ತಾರಸಿ ಮನೆ ಬೇಕೆಂದ. ನಕ್ಷೆ ಬರೆದವನು, ಕಟ್ಟಿಸಿದವನು ನಾನೇ. ಕಾಯಿಯೆಲ್ಲ ಹಿತ್ತಲಿನ ಷೆಡ್ಡಿಗೆ ಹೋಯಿತು. ಅಟ್ಟ ಮಾಡುತ್ತಿದ್ದ ಕೆಲಸವನ್ನು ಇನ್ನು ತಾರಸಿಯೇ ಮಾಡಬೇಕು. ಅದಕ್ಕೆ ಇಟ್ಟಿಗೆ ಚೂರು, ಸುಣ್ಣದ ಗಾರೆ ಕಲಸಿ ಮೇಲೆ ದಪ್ಪನೆಯ ಹಾಸು ಹಾಕಿ, ಬಡಿದು, ನೀರು ಕುಡಿಸಿ, ಒಣಗಲು ಬಿಡಬೇಕು. ವಾರಗಟ್ಟಲೆ ಹಿಡಿಯುವ ಕೆಲಸ. ಗೃಹಪ್ರವೇಶದ ಲಗ್ನ ಹತ್ತಿರ ಬಂದಿತ್ತು, ತುರುವೇಕೆರೆಯಲ್ಲಿ ಇನ್ನೊಂದು ಮನೆಯವರು ಕರೆಯುತ್ತಿದ್ದರು. ಮುಂದಿನ ಕೋಣೆಗಳ ಮೇಲೆ ಹಾಸು ಹಾಕಿಸಿದೆ. ಪಡುವಣ ಮೂಲೆಯ ಅಕ್ಕನ ಕೋಣೆಯ ಮೇಲೆ ಬರೀ ಸಿಮೆಂಟ್ ಬಳಿಸಿ, ಇಳಿಜಾರು ಕೊಟ್ಟು ಮುಚ್ಚಿದೆ. ಪರರ ಮನೆಯಾಗಿದ್ದರೆ ಹೆದರುತ್ತಿದ್ದೆನೇನೋ — ಅಕ್ಕನ ಮನೆ, ಆಮೇಲೆ ಹಾಕಿದರಾಯಿತು ಅಂದುಕೊಂಡೆ. ಎಲ್ಲ ಮುಗಿಯಿತು ಎಂದು ಮಹೇಶನಿಗೆ ಹೇಳಿದೆ.

ನೀನು ಹುಟ್ಟಿದ ಮೇಲಿನ ಮೊದಲ ಬೇಸಿಗೆ. ಮಧ್ಯಾಹ್ನ ನಿನ್ನನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗುವುದೇ ಅಕ್ಕನಿಗೆ ದೊಡ್ಡ ಸಂಭ್ರಮ. ಆದರೆ ಬೆಳಗಿನಿಂದ ಕಾದ ತಾರಸಿ ಒಳಗೆ ಕೆಂಡ ಸುರಿಯುತ್ತಿತ್ತು, ಫ್ಯಾನು ಆ ಬಿಸಿಯನ್ನೇ ಕೆಳಕ್ಕೆ ತಳ್ಳುತ್ತಿತ್ತು. ನಿನ್ನ ಮೈತುಂಬ ಬೆವರುಸಾಲೆ ಎದ್ದಿತು. ಮಹೇಶ ಎಲ್ಲರೆದುರೇ ಕೇಳಿದ, "ಈ ರೂಮೊಂದೇ ಯಾಕ್ ಮಾವ ಹಿಂಗ್ ಕಾಯ್ತದೆ?"

ನಾನು ನಕ್ಕೆ. ಹೌದು, ನಗುತ್ತಲೇ ಹೇಳಿದೆ. "ರೂಮಲ್ಲ ಕಣ್ಲಾ, ಅಕ್ಕಂದೇ ಉಷ್ಣದ ಮೈ. ಮಗೀಗೆ ತಾಗ್ತೈತೆ."

ನಿನ್ನನ್ನು ನಿಮ್ಮಮ್ಮನ ಕೋಣೆಗೆ ಸಾಗಿಸಿದರು. ಅದರ ಮೇಲೆ ಹಾಸು ಇತ್ತು — ನಿನ್ನ ಮೈ ಕೆಲವೇ ದಿನಗಳಲ್ಲಿ ತಿಳಿಯಾಯಿತು. ನನ್ನ ಮಾತಿಗೆ ಸಾಕ್ಷಿ ಸಿಕ್ಕಂತಾಯಿತು. ಅಕ್ಕ ಜೀರಿಗೆ ನೀರು ಕುಡಿದಳು, ನೆತ್ತಿಗೆ ಹರಳೆಣ್ಣೆ ತಟ್ಟಿಕೊಂಡಳು. ನೀನು ಅಂಬೆಗಾಲಿಟ್ಟು ಹತ್ತಿರ ಹೋದರೆ ಕಾಲು ಮುದುರಿಕೊಳ್ಳುತ್ತಿದ್ದಳು. ನೀನು ಅಳುತ್ತಿದ್ದೆ. ನೀನು ನಿದ್ದೆ ಹೋದ ಮೇಲೆ ಹೊಸ್ತಿಲಾಚೆ ಕುಳಿತು, ಅಷ್ಟು ದೂರದಿಂದಲೇ ಬೀಸಣಿಗೆ ಬೀಸುತ್ತಿದ್ದಳು. ಅದು ನಿನಗೆ ಗೊತ್ತಿಲ್ಲ. ನಾನು ನೋಡಿದ್ದೇನೆ, ನೋಡಿಯೂ ಸುಮ್ಮನಿದ್ದೇನೆ.

ನೀನು ಮೂರನೇ ಕ್ಲಾಸಿನಲ್ಲಿದ್ದಾಗ, ತಾರಸಿ ಸೋರುತ್ತದೆ ಎಂಬ ನೆಪ ಹೂಡಿ ಬಿಟ್ಟುಹೋಗಿದ್ದ ಹಾಸನ್ನು ಹಾಕಿಸಿದೆ, ಮೇಲೆ ಬೆಳ್ಳಗೆ ಸುಣ್ಣ ಬಳಿಸಿದೆ. ಆ ಬೇಸಿಗೆ ಕೋಣೆ ತಣ್ಣಗಾಯಿತು. ವಯಸ್ಸಾಯಿತಲ್ಲ, ಮೈ ಕಾವು ಇಳಿಯಿತು ಅಂತ ಅಕ್ಕ ನನ್ನ ಹತ್ತಿರವೇ ಹೇಳಿಕೊಂಡು ಹಿಗ್ಗಿದಳು. ಆಗಲೂ ಹೇಳಲಿಲ್ಲ. ಅಷ್ಟರಲ್ಲಿ ನೀನು ಅಜ್ಜಿ ಕರೆದರೂ ಹತ್ತಿರ ಹೋಗದವಳಾಗಿದ್ದೆ. ತಾರಸಿ ರಿಪೇರಿಯಾಯಿತು, ಅಷ್ಟೇ.

ಈಗ ಚಿಕ್ಕನಾಯಕನಹಳ್ಳಿವರೆಗೂ ನನ್ನನ್ನು ಕರೆಸುತ್ತಾರೆ. ಅಂಗಡಿ, ಮನೆ, ಕಲ್ಯಾಣಮಂಟಪ — ಎ.ಸಿ. ಇಲ್ಲದೆ ಹೇಗೆ ತಣ್ಣಗಿಡಬೇಕು, ಕರೆಂಟು ಹೇಗೆ ಉಳಿಸಬೇಕು ಎಂದು ಕೇಳುತ್ತಾರೆ. ತಿಳಿದವನು ಎನ್ನುತ್ತಾರೆ. ಎಲ್ಲಿ ಕಲಿತದ್ದು ಎಂದು ಯಾರೂ ಕೇಳುವುದಿಲ್ಲ.

ಒಂದು ಮಾತು ಉಳಿದಿದೆ. ನಿನಗಿನ್ನೂ ವರ್ಷ ತುಂಬಿರಲಿಲ್ಲ. ನಾನು ನಿಮ್ಮ ಮನೆಗೆ ಬಂದಾಗ ಅಕ್ಕ ಹಿತ್ತಲಿನ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಅದ್ದಿಕೊಂಡು ನಿಂತಿದ್ದಳು. ನೀನು ಅಲ್ಲೇ ಹಿಂಬದಿಯ ಜಗಲಿಯ ಚಾಪೆಯ ಮೇಲೆ ಆಡುತ್ತಿದ್ದೆ. ಅವಳು ಬಂದು ಒದ್ದೆ ಕೈಯನ್ನು ನನ್ನ ಕೆನ್ನೆಗಿಟ್ಟಳು.

"ತಣ್ಣಗೈತೇನ್ಲಾ, ನೋಡು. ಒಂದ್ಗಳಿಗೆ ಎತ್ಕೊಳ್ಳಲಾ ಮಗೀನ?"

ಕೈ ತಣ್ಣಗಿತ್ತು, ಸಹನಾ. ಅವಳು ಎತ್ತಿಕೊಂಡು ನಿನಗೇನೂ ಆಗದಿದ್ದರೆ ನನ್ನ ಸುಳ್ಳು ಬಯಲಾಗುತ್ತದೆ ಎಂದಷ್ಟೇ ಆ ಗಳಿಗೆಯಲ್ಲಿ ನನಗೆ ಹೊಳೆದದ್ದು.

"ಬ್ಯಾಡ ಬುಡಕ್ಕ" ಅಂದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು, ನಿನ್ನನ್ನೇ ನೋಡುತ್ತಾ ನಿಂತಳು.