ಫಸ್ಟ್ ಕ್ಲಾಸ್ ಅಜ್ಜಿಯ ಬಾಯಿ

ಹಲ್ಲು ಉದುರಿದ ಮೇಲೆ ಮನುಷ್ಯರ ಬೆಲೆ ಇಳಿಯುತ್ತದೆ ಎನ್ನುವವರು ಈ ಅಜ್ಜಿಯನ್ನು ನೋಡಿದವರಲ್ಲ. ಬಾಯಲ್ಲಿ ಹಲ್ಲೆಲ್ಲ ಇದ್ದಾಗ ಅವಳನ್ನು ಕೇಳುವವರೇ ಇರಲಿಲ್ಲ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಗುಂಡಿ ಹಚ್ಚುತ್ತ, ಕತ್ತರಿ ಹುಡುಕುವ ಬದಲು ದಾರವನ್ನು ಹಲ್ಲಿನಿಂದಲೇ ಕಡಿಯುತ್ತ ಅರ್ಧ ಆಯಸ್ಸು ಕಳೆದವಳು. ಗಂಡ ಬೇಗ ಹೋದ. ಹಲ್ಲುಗಳೂ ಅವನ ಹಿಂದೆಯೇ ಒಂದೊಂದಾಗಿ ಹೊರಟವು. "ಅವರು ಹೋದಾಗ ಅತ್ತುಬಿಟ್ಟೆ. ಇವು ಹೋದಾಗ ನಕ್ಕುಬಿಡೋಣ ಅಂದ್ಕೊಂಡ್ರೆ ನಗೋಕೆ ಏನೂ ಉಳಿದಿರ್ಲಿಲ್ಲ" ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಬೀದಿಯ ತುದಿಯಲ್ಲೊಂದು ಡೆಂಟಲ್ ಕಾಲೇಜು. ಅಲ್ಲಿ ವಿದ್ಯಾರ್ಥಿಗಳ ಕೈಯಲ್ಲಿ ಹಲ್ಲು ಕಟ್ಟಿಸಿಕೊಂಡರೆ ಪುಕ್ಕಟೆ. ಅಜ್ಜಿ ಪುಕ್ಕಟೆ ಎಂದೇ ಹೋದವಳು. ಹೋದ ಮೇಲೆ ತಿಳಿಯಿತು, ತಾನು ಬೇಡುವವಳಲ್ಲ, ಬೇಕಾದವಳು ಎಂದು. ಹಲ್ಲುಸೆಟ್ ಕೂರಬೇಕಾದರೆ ಕೆಳಗಿನ ವಸಡು ಗಟ್ಟಿಯಿರಬೇಕು. ಹೆಚ್ಚಿನ ಮುದುಕರಿಗೆ ಅದು ಬಳಸಿ ಬಿಟ್ಟ ಸೋಪಿನ ಚೂರಿನ ಹಾಗೆ ಸವೆದಿರುತ್ತದೆ. ಜೋರಾಗಿ ಮಾತಾಡಿದರೆ ಹಲ್ಲು ಎದುರಿನವರ ಮಡಿಲಿಗೆ ಬೀಳುತ್ತದೆ. ಅಜ್ಜಿಯ ವಸಡು ಹಾಗಲ್ಲ. ಎತ್ತರವಾಗಿ, ದುಂಡಗೆ, ಎರಡೂ ಕಡೆ ಸಮನಾಗಿ ಇತ್ತು. ಮೊದಲ ಸಲ ಬೆರಳಿಟ್ಟು ನೋಡಿದ ವಿದ್ಯಾರ್ಥಿನಿ ತನ್ನ ಗೆಳತಿಯರನ್ನೆಲ್ಲ ಕೂಗಿ ಕರೆದಳಂತೆ. ಕೊನೆಯ ವರ್ಷದ ಪರೀಕ್ಷೆಗೆ ಪ್ರತಿಯೊಬ್ಬರೂ ಹಲ್ಲಿಲ್ಲದ ಒಬ್ಬರನ್ನು ತಾವೇ ಹುಡುಕಿ ತಂದು, ಆ ಬಾಯಲ್ಲಿ ಹಲ್ಲು ಜೋಡಿಸಿ ತೋರಿಸಬೇಕು. ಬಾಯಿ ಒಳ್ಳೆಯದಿದ್ದರೆ ಅರ್ಧ ಪರೀಕ್ಷೆ ಗೆದ್ದ ಹಾಗೆ. ಅಜ್ಜಿಯನ್ನು ಕೂರಿಸಿಕೊಂಡವರಲ್ಲಿ ಒಬ್ಬರೂ ಫೇಲಾಗಲಿಲ್ಲ. ಹೀಗಾಗಿ ಅವಳಿಗೆ 'ಫಸ್ಟ್ ಕ್ಲಾಸ್ ಅಜ್ಜಿ' ಎಂಬ ಹೆಸರು ಬಿತ್ತು.

ವರ್ಷ ವರ್ಷವೂ ಹೊಸ ಹಲ್ಲು. ಮನೆಯ ಕಪಾಟಿನಲ್ಲಿ ಡಬ್ಬಿಗಳ ಸಾಲು. ಊಟಕ್ಕೊಂದು, ಹೊರಗೆ ಹೋಗುವಾಗೊಂದು, ಜಗಳಕ್ಕೊಂದು. "ಜಗಳಕ್ಕೆ ಬಿಗಿಯಾಗಿರೋದೇ ಬೇಕು, ಮಧ್ಯದಲ್ಲಿ ಕೈಕೊಡಬಾರ್ದು" ಎಂಬುದು ಅವಳ ನ್ಯಾಯ.

ಮೊಮ್ಮಗಳು ಬೆಳೆದದ್ದು ಆ ಕಾಲೇಜಿನ ಉದ್ದನೆಯ ಕೋಣೆಯಲ್ಲೇ ಎನ್ನಬೇಕು. ಹುಡುಗಿಯ ಅಮ್ಮ ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವೆಲ್ಲ ನಿಲ್ಲುವವಳು. ರಜೆ ಬಂದರೆ ಹುಡುಗಿ ಅಜ್ಜಿಯ ಬಾಲ. ಸಾಲು ಕುರ್ಚಿಗಳು, ಕುರ್ಚಿಗೊಂದು ದೀಪ, ಲವಂಗದೆಣ್ಣೆಯ ಮತ್ತು ಕಾಯಿಸಿದ ಮೇಣದ ವಾಸನೆ. ಒಂದು ದಿನ ಒಬ್ಬ ವಿದ್ಯಾರ್ಥಿ ಬಂದವನೇ ಅಚ್ಚು ತೆಗೆಯುವ ತಟ್ಟೆಯನ್ನು ಅಜ್ಜಿಯ ಬಾಯಿಗೆ ತುರುಕಲು ಹೋದ. ಹಿಂದಿನಿಂದ ಬಂದ ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ 'ದೊಡ್ಡ ಮೇಡಂ', ಅವನ ಮಣಿಕಟ್ಟು ಹಿಡಿದರು. ಅವನನ್ನು ಎಬ್ಬಿಸಿ ತಾವೇ ಸ್ಟೂಲಿನ ಮೇಲೆ ಕೂತು, "ನೋಡಬಹುದಾ ಅಮ್ಮ?" ಎಂದು ಕೇಳಿ, ಕೆನ್ನೆಯ ಒಳಗು, ನಾಲಿಗೆಯ ಅಡಿ, ಅಂಗುಳು ಎಲ್ಲವನ್ನೂ ನಿಧಾನವಾಗಿ ನೋಡಿದರು. "ಹಲ್ಲು ಆಮೇಲೆ. ಮೊದ್ಲು ಬಾಯಿ ನೋಡೋದು ಕಲಿ" ಎಂದು ಅವನಿಗೆ ಹೇಳಿದರು. ಹೊಲಿಗೆ ಅಂಗಡಿಯಲ್ಲಿ 'ಏಯ್ ಗುಂಡಿ' ಎಂದೇ ಕರೆಸಿಕೊಂಡ ಅಜ್ಜಿಯ ಅಪ್ಪಣೆಯನ್ನು ಒಬ್ಬರು ಕೇಳಿದ್ದನ್ನು ಹುಡುಗಿ ನೋಡಿದ್ದು ಅದೇ ಮೊದಲು. ಓದಿದರೆ ಈ ಮೇಡಂ ಹತ್ತಿರವೇ ಓದಬೇಕು ಎಂದು ಅವಳು ಅಂದೇ ತೀರ್ಮಾನಿಸಿಬಿಟ್ಟಳು.

ಮುಂದೆ ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಬಂದ ಅಂಕಕ್ಕೆ ಇದಕ್ಕಿಂತ ಹೆಸರಾದ ದೊಡ್ಡ ಕಾಲೇಜೇ ಸಿಗುವ ಹಾಗಿತ್ತು. ಮಾವ ಮನೆಗೆ ಬಂದು ಬುದ್ಧಿ ಹೇಳಿಹೋದ. "ಕುದುರೆ ಸಿಗೋವಾಗ ಕತ್ತೆ ಹತ್ತೋರುಂಟಾ?" ಎಂದ. ಅಮ್ಮನೂ ಅದನ್ನೇ ಕೇಳಿದಳು. ಹುಡುಗಿ ಯಾರಿಗೂ ಜಗ್ಗಲಿಲ್ಲ. ಸಂದರ್ಶನದಲ್ಲಿ 'ನಮ್ಮ ಕಾಲೇಜೇ ಯಾಕೆ' ಎಂದು ಕೇಳುತ್ತಾರೆಂದು ಗೊತ್ತಿದ್ದರಿಂದ, ದೊಡ್ಡ ಮೇಡಂ ಬಾಯಿ ನೋಡಿದ ಕತೆಯನ್ನು ಕನ್ನಡಿಯ ಮುಂದೆ ನಿಂತು ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡಳು.

ಸಂದರ್ಶನದ ದಿನವೇ ಅಜ್ಜಿಗೂ ಅಲ್ಲಿ ಕೆಲಸವಿತ್ತು. ಆ ವರ್ಷ ಅಜ್ಜಿಯನ್ನು ಹಿಡಿದಿದ್ದವನು ಕನ್ನಡಕದ ಒಬ್ಬ ಸಣಕಲು ಹುಡುಗ. ತೋಳಿಗೆ ಸದಾ ಮೇಣ ಮೆತ್ತಿಕೊಂಡಿರುತ್ತಿದ್ದುದರಿಂದ ಅಜ್ಜಿ ಅವನನ್ನು 'ಮೇಣದಪ್ಪ' ಎನ್ನುತ್ತಿದ್ದಳು. ಹಿಂದಿನ ವರ್ಷ ಅವನು ಒಪ್ಪಿಸಿಟ್ಟಿದ್ದ ಮುದುಕರೊಬ್ಬರು ಪರೀಕ್ಷೆಯ ದಿನ ಬರದೆ ಕೈಕೊಟ್ಟು, ಒಂದು ವರ್ಷ ಹೋಗಿತ್ತು. ಅಜ್ಜಿ ಸಿಕ್ಕಿದ್ದು ಅವನಿಗೆ ಹೋದ ಜೀವ ಬಂದ ಹಾಗೆ. ಕರೆದುಕೊಂಡು ಹೋಗುವುದು, ಬಿಡುವುದು, ಮೆಟ್ಟಿಲಲ್ಲಿ ಕೈ ಹಿಡಿಯುವುದು ಎಲ್ಲ ಅವನೇ. ಮೊಮ್ಮಗಳಿಗೆ ತನ್ನ ಹಳೆಯ ಪುಸ್ತಕಗಳನ್ನು ತಂದುಕೊಟ್ಟು, ತಿಳಿಯದ್ದನ್ನು ಹೇಳಿಕೊಟ್ಟವನೂ ಅವನೇ. ಅವತ್ತು ನಡೆಯುತ್ತಿದ್ದದ್ದು ಕಾಲೇಜಿನ ಒಳಪರೀಕ್ಷೆ. ಹೊರಗಿನವರು ಬಂದು ನಡೆಸುವ ದೊಡ್ಡ ಪರೀಕ್ಷೆ ಇನ್ನೂ ಮುಂದಿತ್ತು.

ಮೇಲಿನ ಮಹಡಿಯ ಕಾರಿಡಾರಿನಲ್ಲಿ ಅಜ್ಜಿ, ಮೊಮ್ಮಗಳು ಬೆಂಚಿನ ಮೇಲೆ ಕೂತಿದ್ದರು. ಅಜ್ಜಿ ಚಹಾ ಒಂದು ಗುಟುಕು ಕುಡಿದವಳು ಮುಖ ಹಿಂಡಿ ಎಡಗೆನ್ನೆ ಒತ್ತಿಕೊಂಡಳು.

"ಏನಾಯ್ತು ಅಜ್ಜಿ?"

"ಬಿಸಿ ಜಾಸ್ತಿ."

"ಎಡಗಡೆ ಮಾತ್ರ ಬಿಸಿನಾ? ಬಾಯಿ ತೆಗಿ ನೋಡೋಣ."

"ಪರೀಕ್ಷೆಗೆ ಮುಂಚೆ ತೆಗೆಯಲ್ಲ. ಬೋಣಿ ಕೆಡುತ್ತೆ."

ಹುಡುಗಿ ಬಿಡಲಿಲ್ಲ. ಗಲ್ಲ ಹಿಡಿದು, ಫೋನಿನ ಬೆಳಕು ಬಿಟ್ಟಳು. ಕೆಳಗಿನ ವಸಡು ಕೆನ್ನೆಯನ್ನು ಸೇರುವ ಹಿಂಬದಿಯ ಮೂಲೆಯಲ್ಲಿ ಬೆಳ್ಳಗೊಂದು ಹುಣ್ಣು, ಸುತ್ತ ಕೆಂಪು, ಅಂಚು ದಪ್ಪ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಬಾಯೊಳಗಿನ ಹುಣ್ಣಿಗೆ ಇನ್ನೊಬ್ಬರ ಕಣ್ಣೇ ಬೇಕು. ಅವರ ತಲೆಯ ಮೇಲಿನ ಗೋಡೆಯಲ್ಲೇ ವಿದ್ಯಾರ್ಥಿಗಳು ಬಣ್ಣದಲ್ಲಿ ಬರೆದು ಅಂಟಿಸಿದ ಭಿತ್ತಿಪತ್ರವಿತ್ತು: ಎರಡು ವಾರದಲ್ಲಿ ಮಾಯದ ಬಾಯಿಹುಣ್ಣನ್ನು ತಪ್ಪದೆ ತೋರಿಸಿ.

"ಯಾವಾಗಿಂದ ಇದು?"

"ಇದೆ, ಒಂದೆರಡು ತಿಂಗಳಿಂದ. ಮೇಣದಪ್ಪ ನೋಡಿದಾನೆ ಕಣೆ. ಸೆಟ್ ಹಾಕ್ಬೇಡಿ ಅಂದ, ಹಾಕಿಲ್ಲ. ಪರೀಕ್ಷೆ ಎಲ್ಲ ಮುಗೀಲಿ, ತೋರಿಸೋಣ ಅಂದಿದಾನೆ. ಅಲ್ಲಿವರೆಗೂ ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ." ಅಜ್ಜಿ ಮೊಮ್ಮಗಳ ಕೈ ಒತ್ತಿ ಹಿಡಿದಳು. "ನೀನೂ ಬಾಯಿ ಮುಚ್ಕೊಂಡಿರು. ಆ ಮಗೂಗೆ ನನ್ನ ಬಿಟ್ರೆ ಯಾರೂ ಇಲ್ಲ."

ಹುಡುಗಿ ಎದ್ದು ಹೋಗಿ ಮೇಣದಪ್ಪನನ್ನು ಮೆಟ್ಟಿಲ ಬಳಿ ತಡೆದಳು.

"ಅಣ್ಣ, ಅಜ್ಜಿ ಬಾಯಲ್ಲಿ ಹುಣ್ಣಿದೆ."

ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಅದೇ ಅವಳನ್ನು ಹೆದರಿಸಿತು.

"ಸೆಟ್ ಒತ್ತಿ ಆಗಿರ್ಬೇಕು, ಬಹುಶಃ" ಎಂದ.

"ಒತ್ತಿ ಆಗಿದ್ರೆ ಸೆಟ್ ತೆಗೆದಿಟ್ಟ ಮೇಲೆ ಮಾಯ್ಬೇಕಿತ್ತಲ್ಲ?"

ಅವನು ಕನ್ನಡಕ ತೆಗೆದು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಹುಣ್ಣಿರೋರನ್ನ ಪರೀಕ್ಷೆಗೆ ಕೂರಿಸೋ ಹಾಗಿಲ್ಲ. ಈಗ ಇನ್ನೊಬ್ರನ್ನ ಎಲ್ಲಿಂದ ತರಲಿ? ಈ ಸಲಾನೂ ಹೋದ್ರೆ ಅಪ್ಪ ಓದು ಬಿಡಿಸ್ತಾರೆ. ದೊಡ್ಡ ಪರೀಕ್ಷೆ ಮುಗಿದ ದಿನಾನೇ ನಾನೇ ಕೈ ಹಿಡ್ಕೊಂಡು ಹೋಗಿ ತೋರಿಸ್ತೀನಿ. ಆಣೆ ಮಾಡ್ಲಾ?"

"ದೊಡ್ಡ ಪರೀಕ್ಷೆ ಯಾವಾಗ?"

"ಮುಂದಿನ ತಿಂಗಳ ಕೊನೆಗೆ."

ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಬೈದು ಬರಬಹುದಿತ್ತು. ಅವನ ಪುಸ್ತಕ ಓದಿಯೇ ಅವಳು ಇಲ್ಲಿವರೆಗೆ ಬಂದಿದ್ದಳು. ಏನಾದರೂ ಹೇಳುವಷ್ಟರಲ್ಲಿ ಕೆಳಗಿನಿಂದ ಜವಾನ ಅವಳ ಸರದಿ ಕೂಗಿದ. ಅವಳ ಬೆನ್ನ ಹಿಂದೆ ಆಗಲೇ ಅಜ್ಜಿಯನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸುತ್ತಿದ್ದರು.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ನಡುವೆ ದೊಡ್ಡ ಮೇಡಂ; ಈಗ ತಲೆಯೆಲ್ಲ ನರೆತಿತ್ತು. ಬದಿಯಲ್ಲಿದ್ದ ಬೋಳುತಲೆಯ ಪ್ರೊಫೆಸರು ಅಂಕಪಟ್ಟಿ ನೋಡಿ ಹುಬ್ಬೇರಿಸಿದರು.

"ಈ ಅಂಕಕ್ಕೆ ಆ ದೊಡ್ಡ ಕಾಲೇಜಲ್ಲೇ ಕರೆದು ಸೀಟ್ ಕೊಡ್ತಾರಲ್ಲಮ್ಮ. ನಮ್ಮ ಕಾಲೇಜೇ ಯಾಕೆ ಆರಿಸ್ಕೊಂಡೆ?"

ಇದೇ ಪ್ರಶ್ನೆಗೆ ಎಷ್ಟು ದಿನದಿಂದ ಕಾದಿದ್ದಳು. "ಇಲ್ಲಿ ಹಲ್ಲಿಗೆ ಮುಂಚೆ ಬಾಯಿ ನೋಡ್ತಾರೆ ಸರ್. ನಾನು ಚಿಕ್ಕವಳಿದ್ದಾಗ..." ಎಂದು ಶುರುಮಾಡಿದಳು. ಅಲ್ಲಿಗೇ ನಿಲ್ಲಿಸಿದಳು. ಮುಂದಿನ ವಾಕ್ಯಗಳೆಲ್ಲ ತಲೆಯಲ್ಲಿದ್ದವು. ಒಂದೂ ಈಗ ನಿಜವಾಗಿರಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಪಾಡಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಸುಮ್ಮನಿದ್ದರೆ ಸೀಟು ಸಿಗುತ್ತದೆ, ಮೇಣದಪ್ಪ ಪಾಸಾಗುತ್ತಾನೆ, ಅಜ್ಜಿಯ ಮಾತೂ ಉಳಿಯುತ್ತದೆ. ಅಜ್ಜಿ ಉಳಿಯುತ್ತಾಳೋ ಇಲ್ಲವೋ ಎಂಬುದೊಂದೇ ಗೊತ್ತಿಲ್ಲ.

"ಹೇಳಮ್ಮ" ಎಂದರು ದೊಡ್ಡ ಮೇಡಂ.

"ಹೇಳ್ಬೇಕು ಅಂತ ಕಲ್ತುಕೊಂಡು ಬಂದಿದ್ದೆ ಮೇಡಂ. ಈಗ ಹೇಳಿದ್ರೆ ಸುಳ್ಳಾಗುತ್ತೆ. ಮೇಲೆ ಪರೀಕ್ಷೆಗೆ ಕೂತಿರೋರಲ್ಲಿ ಒಬ್ರು ನಮ್ಮಜ್ಜಿ. ಎಡಗಡೆ ಕೆಳಗಿನ ವಸಡಿನ ಹಿಂದೆ ಹುಣ್ಣಿದೆ. ಎರಡು ತಿಂಗಳಾದ್ರೂ ಮಾಯ್ತಿಲ್ಲ. ಪರೀಕ್ಷೆ ಕೆಡುತ್ತೆ ಅಂತ ಮುಚ್ಚಿಟ್ಟಿದಾರೆ. ಯಾರಾದ್ರೂ ಸ್ವಲ್ಪ ನೋಡಿ."

ಬೋಳುತಲೆಯವರು, "ಇದು ಸಂದರ್ಶನಮ್ಮ, ಹೊರರೋಗಿ ವಿಭಾಗ ಅಲ್ಲ" ಎಂದರು. ಅಷ್ಟರಲ್ಲಿ ದೊಡ್ಡ ಮೇಡಂ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಾಗಿತ್ತು.

ಮೇಲಿನ ಕೋಣೆಯಲ್ಲಿ ಮೇಣದಪ್ಪ ಮೇಣದ ಹಲ್ಲುಸಾಲನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಮೇಡಂ ಹಿಂದೆ ಹುಡುಗಿ ಬಂದದ್ದನ್ನು ನೋಡಿ ಅವನಿಗೆ ಎಲ್ಲ ಅರ್ಥವಾಯಿತು. ಅಜ್ಜಿಗೂ ಆಯಿತು. ವರ್ಷಗಳ ಕಾಲ ಯಾರು ಕೇಳಿದರೂ ಬಾಯಿ ತೆರೆದವಳು ಅವತ್ತು ತುಟಿ ಬಿಗಿದು ಕೂತಳು. ಮೇಡಂ ಸ್ಟೂಲಿನ ಮೇಲೆ ಕೂತು, ಅಂದಿನ ಹಾಗೆಯೇ ಅಪ್ಪಣೆ ಕೇಳಿದರು. ಅಜ್ಜಿ ಮೊಮ್ಮಗಳನ್ನೇ ದುರುಗುಟ್ಟಿ ನೋಡುತ್ತಿದ್ದಳು. ಆ ನೋಟವನ್ನು ಹುಡುಗಿ ಹಿಂದೆಂದೂ ಕಂಡಿರಲಿಲ್ಲ. ಕಡೆಗೆ ಅಜ್ಜಿ ಕಣ್ಣುಮುಚ್ಚಿ ಬಾಯಿ ತೆರೆದಳು. ಮೇಡಂ ನೋಡಿದರು, ಬೆರಳಿನಿಂದ ಹುಣ್ಣಿನ ಅಂಚು ಮುಟ್ಟಿದರು, ದವಡೆಯ ಕೆಳಗೆ ಕತ್ತನ್ನು ಒತ್ತಿ ನೋಡಿದರು. ಹೊತ್ತು ಹಿಡಿಯಿತು.

"ಇದನ್ನ ನೀನು ನೋಡಿರ್ಲಿಲ್ವಾ?" ಎಂದು ಹುಡುಗನನ್ನು ಕೇಳಿದರು.

"ಅವನಿಗೆ ಗೊತ್ತಿಲ್ಲ ಮೇಡಂ" ಎಂದಳು ಅಜ್ಜಿ ಥಟ್ಟನೆ. "ನಾನೇ ಮರೆಮಾಡಿದ್ದೆ. ಬೊಚ್ಚುಬಾಯಿ ನಂದು, ಹುಣ್ಣೂ ನಂದು."

"ಗೊತ್ತಿತ್ತು ಮೇಡಂ" ಎಂದ ಅವನು. ಅವನ ದನಿ ಎಷ್ಟು ಸಣ್ಣದಿತ್ತೆಂದರೆ ಪಕ್ಕದ ಕುರ್ಚಿಯವರಿಗೂ ಕೇಳಿಸಲಿಲ್ಲ. ಮೇಣದ ಹಲ್ಲುಗಳನ್ನು ತಟ್ಟೆಯಲ್ಲಿಟ್ಟು ಗೋಡೆಗೆ ಒರಗಿ ನಿಂತುಬಿಟ್ಟ.

ಹುಣ್ಣಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ ಕೆಟ್ಟದ್ದೇ, ಕ್ಯಾನ್ಸರು. ಮುಂದಿನ ತಿಂಗಳ ಕೊನೆಯವರೆಗೆ ಕಾದಿದ್ದರೆ ನಾಲಿಗೆಗೂ ಕೈ ಹಾಕಬೇಕಾಗುತ್ತಿತ್ತು ಎಂದು ದೊಡ್ಡಾಸ್ಪತ್ರೆಯವರು ಹೇಳಿದರು. ಎಡಗಡೆಯ ವಸಡನ್ನೂ ಅದರಡಿಯ ಮೂಳೆಯ ಒಂದು ಭಾಗವನ್ನೂ ತೆಗೆದರು. ಅಜ್ಜಿ ಬದುಕಿದಳು. ಕಪಾಟಿನಲ್ಲಿದ್ದ ಒಂದು ಸೆಟ್ಟೂ ಇನ್ನು ಅವಳ ಬಾಯಲ್ಲಿ ಕೂರುವುದಿಲ್ಲ. ಹುಡುಗಿಗೆ ಸೀಟು ಸಿಕ್ಕಿತು. ಮೊದಲ ದಿನ ಜೊತೆಯವರು, 'ಅಷ್ಟು ಅಂಕ ತೆಗೆದು ಇಲ್ಲಿಗ್ಯಾಕೆ ಬಂದೆ' ಎಂದು ಕೇಳಿದಾಗ, ಮನೆಗೆ ಹತ್ತಿರ ಎಂದಳು. ಮೇಣದಪ್ಪನಿಗೆ ಇನ್ನೊಂದು ವರ್ಷ ಹೋಯಿತು. ಅಪ್ಪನ ಕೈಕಾಲು ಹಿಡಿದು ಹೇಗೋ ಓದು ಉಳಿಸಿಕೊಂಡಿದ್ದ. ಕಾರಿಡಾರಿನಲ್ಲಿ ಎದುರಾದರೆ ತಲೆ ತಗ್ಗಿಸಿ ದಾಟುತ್ತಿದ್ದ. ತಾನು ಮಾಡಿದ್ದು ಸರಿ ಎಂದು ಹುಡುಗಿಗೆ ಗೊತ್ತಿತ್ತು. ಗೊತ್ತಿದ್ದರೂ ಅವನನ್ನು ತಡೆದು ಮಾತಾಡಿಸಲು ಆಗುತ್ತಿರಲಿಲ್ಲ.

ಅಜ್ಜಿ ಮನೆಯಲ್ಲಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಯಿ ಸೊಟ್ಟಗಾಗಿ ಮಾತು ತೊದಲುತ್ತಿತ್ತು, ಆಡುತ್ತಿದ್ದುದೂ ಕಡಿಮೆ. ಸಂಜೆ ಮೊಮ್ಮಗಳು ಚಪ್ಪಲಿ ಬಿಡುವುದನ್ನೇ ಕಾದು ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಆ ಹುಡುಗನಿಗೆ ಬೇರೆ ಬಾಯಿ ಸಿಕ್ತಾ?"

"ಇಲ್ಲ ಅಜ್ಜಿ."

ಅಷ್ಟೇ. ಅಜ್ಜಿ ಗೋಡೆಯ ಕಡೆ ತಿರುಗುತ್ತಿದ್ದಳು.

ಒಂದು ದಿನ ಮೇಣದಪ್ಪ ತಾನಾಗಿಯೇ ನಿಂತ. ಮುಖ ನೋಡದೆ, "ಒಬ್ರು ಸಿಕ್ಕಿದಾರೆ, ರಿಟೈರಾದ ಕಾವಲುಗಾರರು. ಅಜ್ಜಿಗೆ ಹೇಳಿಬಿಡು" ಎಂದು ಹೊರಟುಹೋದ. ಹುಡುಗಿ ಮನೆಗೆ ಓಡೋಡಿ ಬಂದಳು. ಅಂದು ಅಜ್ಜಿ ಕೇಳುವ ಮೊದಲೇ ಹೇಳಿದಳು.

"ಸಿಕ್ಕಿದಾರಂತೆ ಅಜ್ಜಿ. ಯಾರೋ ಕೆಲಸದಿಂದ ನಿವೃತ್ತರಾದ ಕಾವಲುಗಾರರು."

ಅಜ್ಜಿ ಹಾಸಿಗೆಯ ಮೇಲೆ ಎದ್ದು ಕೂತಳು. "ವಸಡು ಹೇಗಿದೆಯಂತೆ?"

ಅದನ್ನು ಅವನು ಹೇಳಿರಲಿಲ್ಲ. ಅಜ್ಜಿಗೆ ಖುಷಿಯಾಗಲಿ ಎಂದೇ, "ನಿನ್ನಷ್ಟು ಚೆನ್ನಾಗಿಲ್ವಂತೆ" ಎಂದಳು.

ಅಜ್ಜಿ ಗುಳಿಬಿದ್ದ ಎಡಗೆನ್ನೆಯ ಮೇಲೆ ಕೈಯಿಟ್ಟುಕೊಂಡಳು. ಆಸ್ಪತ್ರೆಯಲ್ಲಿ ಒಂದು ಹನಿ ಕಣ್ಣೀರು ಹಾಕದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು.

"ಮತ್ತೆ ಅವನು ಹೇಗೆ ಪಾಸಾಗ್ತಾನೆ?" ಎಂದು ಕೇಳಿದಳು.